ಎರಡು ಲಕ್ಷದ ಬಾಗಿನ

ಬ್ಯಾಂಕಿನ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದವಳು ಎರಡನೇ ಹೆಜ್ಜೆಗೇ ನಿಂತುಬಿಟ್ಟೆ. ಮೂರನೇ ಕೌಂಟರಿನ ಹಿಂದೆ, ಕನ್ನಡಕವನ್ನು ಹಣೆಗೇರಿಸಿಕೊಂಡು ಸಿದ್ದರಾಜು ಕೂತಿದ್ದರು. ಇಡೀ ಕುಶಾಲನಗರದಲ್ಲಿ ಅವತ್ತು ನನ್ನ ಕಣ್ಣಿಗೆ ಬೀಳಬಾರದಾಗಿದ್ದ ಮುಖ ಅದೊಂದೇ. ಅವರು ನನ್ನ ಭಾವ ಧರ್ಮೇಶನ ಸೋದರಮಾವ. ಅರಕಲಗೂಡಿನ ಬ್ರಾಂಚಿನಲ್ಲಿ ಇರಬೇಕಾಗಿದ್ದ ಮನುಷ್ಯ ಇಲ್ಲಿಗೆ ಯಾವಾಗ ವರ್ಗವಾಗಿ ಬಂದರೋ, ಯಾರೂ ನಮಗೆ ಹೇಳಿರಲಿಲ್ಲ.

"ಅವ್ವ, ಬಾ, ಹೊರಗೆ ಹೋಗಣ" ಎಂದು ಅವಳ ಮೊಣಕೈ ಹಿಡಿದೆ. ತಡವಾಗಿತ್ತು.

"ಓಹೋ, ಬೀಗ್ರು. ಬನ್ನಿ ಬನ್ನಿ, ಇಲ್ಲಿ ಕೂತ್ಕಳಿ" ಎಂದು ಸಿದ್ದರಾಜು ಎದ್ದು ನಿಂತೇ ಕರೆದರು. ಸಾಲಿನಲ್ಲಿ ನಿಂತಿದ್ದವರೆಲ್ಲ ನಮ್ಮತ್ತ ತಿರುಗಿದರು. ಅವ್ವ ಸೆರಗು ಸರಿಮಾಡಿಕೊಂಡು ಹೋಗಿ ಕೂತೇಬಿಟ್ಟಳು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ.

ನಾವು ಬಂದದ್ದು ನನ್ನ ಅಕ್ಕ ಹರ್ಷಿತಾಗೆ ಎರಡು ಲಕ್ಷ ರೂಪಾಯಿ ಕಳಿಸಲು. ಅಕ್ಕ ನ್ಯೂಜಿಲೆಂಡಿನಲ್ಲಿದ್ದಾಳೆ. ಧರ್ಮೇಶ ಅಲ್ಲಿ ಒಂದು ಡೇರಿ ಫಾರ್ಮಿನಲ್ಲಿ ಕೆಲಸಕ್ಕಿದ್ದಾನೆ. ಎರಡೂವರೆ ವರ್ಷದ ಹಿಂದೆ ಮದುವೆಯಾದಾಗ ಅವ್ವ ನಮ್ಮೂರು ತೊರೆನೂರಿನ ಮನೆಮನೆಗೂ ಹೋಗಿ, ಫಾರಿನ್ ಆದರೇನಂತೆ, ಹುಡುಗ ಅಲ್ಲೂ ದನ ಕಟ್ಟಿಕೊಂಡೇ ಇದ್ದಾನೆ, ನಮ್ಮಂಥವನೇ ಎಂದು ಹೇಳಿಕೊಂಡು ಬಂದಿದ್ದಳು. ಆ ನಮ್ಮಂಥವನ ಗುಣ ನನಗೆ ಗೊತ್ತಾದದ್ದು ಈ ಜೂನ್‌ನಲ್ಲಿ. ಹಾಲು ಕರೆಯುವ ಶೆಡ್ಡಿಗೆ ಹತ್ತು ನಿಮಿಷ ತಡವಾಗಿ ಬಂದಳೆಂದು ಅವನು ಹೊಡೆದ ಏಟಿಗೆ ಅಕ್ಕನ ಎಡಗಿವಿ ಒಂದು ವಾರ ಕೇಳಿಸಲಿಲ್ಲ. ಅವಳೂ ಅದೇ ಶೆಡ್ಡಿನಲ್ಲಿ ದುಡಿಯುತ್ತಾಳೆ, ಸಂಬಳ ಮಾತ್ರ ಅವನ ಖಾತೆಗೆ ಹೋಗುತ್ತದೆ. ಸುತ್ತ ಹುಲ್ಲುಗಾವಲು ಬಿಟ್ಟರೆ ಮತ್ತೇನಿಲ್ಲ, ಪೇಟೆ ಮೂವತ್ತು ಕಿಲೋಮೀಟರು ದೂರ.

ಆ ಪೇಟೆಯಲ್ಲಿ ಅಕ್ಕ ಗುಟ್ಟಾಗಿ ತನ್ನೊಬ್ಬಳ ಹೆಸರಿನಲ್ಲಿ ಖಾತೆ ತೆರೆದಿದ್ದಳು. ಕಣ್ಣೂರು ಕಡೆಯ ಒಬ್ಬ ನರ್ಸ್ ತನ್ನ ಮನೆಯ ಪಕ್ಕದ ಕೋಣೆ ಬಾಡಿಗೆಗೆ ಕೊಡಿಸುತ್ತೇನೆಂದಿದ್ದಳು. ಮುಂಗಡ, ಬಾಡಿಗೆ, ಒಂದೆರಡು ತಿಂಗಳ ಊಟ, ವಕೀಲರ ಖರ್ಚು ಎಲ್ಲ ಸೇರಿ ಎರಡು ಲಕ್ಷ. ಅದರ ಮಾಲೀಕರು ಬುಧವಾರದವರೆಗೆ ಮಾತ್ರ ಕೋಣೆ ಹಿಡಿದಿಡುತ್ತಾರೆ. ಅವತ್ತು ಶುಕ್ರವಾರ. ಎರಡು ಗಂಟೆಯೊಳಗೆ ಕಾಗದ ಹೆಡ್ ಆಫೀಸಿಗೆ ಹೋದರೆ ದುಡ್ಡು ಮಂಗಳವಾರ ಸೇರುತ್ತದೆ ಎಂದು ಫೋನಿನಲ್ಲಿ ವಿಚಾರಿಸಿದಾಗ ಹೇಳಿದ್ದರು. ತಪ್ಪಿದರೆ ನಾಲ್ಕನೇ ಶನಿವಾರ, ಭಾನುವಾರ, ಆಮೇಲೆ ಹಬ್ಬ. ನಮ್ಮೂರ ಬ್ರಾಂಚಿನಲ್ಲಿ ಹೊರದೇಶಕ್ಕೆ ಕಳಿಸುವ ವ್ಯವಸ್ಥೆಯೇ ಇಲ್ಲ.

ಇದರಲ್ಲಿ ಒಂದಕ್ಷರವೂ ಅವ್ವನಿಗೆ ಗೊತ್ತಿರಲಿಲ್ಲ. ಅಕ್ಕ ಏನೋ ಕೋರ್ಸು ಸೇರುತ್ತಾಳೆ, ಫೀಸಿಗೆ ಬೇಕು ಎಂದು ಅವಳಿಗೆ ಸುಳ್ಳು ಹೇಳಿದ್ದೆ. ಹೇಳದೆ ಏನು ಮಾಡಲಿ? ಪಕ್ಕದ ಮನೆಯ ಸಿದ್ದಮ್ಮನ ಮಗಳು ಗಂಡನನ್ನು ಬಿಟ್ಟು ಬಂದಾಗ, ಎರಡು ದಿನ ಬುದ್ಧಿ ಹೇಳಿ, ಮುಂದೆ ನಿಂತು ಬಸ್ಸು ಹತ್ತಿಸಿ ವಾಪಸ್ ಕಳಿಸಿದವಳು ಇದೇ ಅವ್ವ. ಹೆಣ್ಣು ಅಂದಮೇಲೆ ಹೊಂದಿಕೊಂಡು ಹೋಗಬೇಕು ಎನ್ನುವುದು ಅವಳ ಬಾಯಲ್ಲಿ ದಿನಕ್ಕೆ ಮೂರು ಸಲ ಬರುತ್ತದೆ. ಆ ಮಾತು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ದುಡ್ಡು ಅವಳ ಖಾತೆಯಲ್ಲಿತ್ತು. ಹೋದ ವರ್ಷದ ಶುಂಠಿ ಮಾರಿದ್ದು, ಹೊಸ ಬೋರ್‌ವೆಲ್ಲಿಗೆಂದು ಮುಟ್ಟದೆ ಇಟ್ಟದ್ದು. ಕೋರ್ಸು ಎಂದಾಗ ಅವ್ವ ಮರುಮಾತಿಲ್ಲದೆ ಒಪ್ಪಿದ್ದಳು.

"ಎಷ್ಟು ಕಳಿಸ್ಬೇಕು?" ಸಿದ್ದರಾಜು ಅವ್ವನ ಪಾಸ್‌ಬುಕ್ಕು, ಪ್ಯಾನ್ ಕಾರ್ಡು ತೆಗೆದುಕೊಂಡು ಕೇಳಿದರು.

"ಎರಡು ಲಕ್ಷ, ಮಾವ" ಎಂದೆ.

"ಇದ್ಕೆ ನೀವು ಇಲ್ಲಿಗಂಟ ಬರ್ಬೇಕಿತ್ತಾ? ನಂಗೊಂದು ಫೋನ್ ಮಾಡಿದ್ರೆ ಫಾರಂ ತುಂಬ್ಸಿ ಇಟ್ಟಿರ್ತಿದ್ದೆ" ಎಂದವರೇ ಟೀ ತರಲು ಹೇಳಿದರು. ಒಳ್ಳೆಯ ಮನುಷ್ಯ. ನನಗೆ ಭಯ ಹುಟ್ಟಿಸಿದ್ದೇ ಆ ಒಳ್ಳೆಯತನ. ಸಿಡುಕುಮೂತಿಯ ಗುಮಾಸ್ತನಾಗಿದ್ದರೆ ಕೊಟ್ಟ ಕಾಗದ ತೆಗೆದುಕೊಂಡು ತನ್ನ ಪಾಡಿಗೆ ತಾನು ಕೆಲಸ ಮುಗಿಸುತ್ತಿದ್ದ.

ಅವರು ಕಂಪ್ಯೂಟರು ನೋಡುತ್ತ ಸರಸರನೆ ಬರೆದು ಫಾರಮ್ಮನ್ನು ಅವ್ವನ ಮುಂದೆ ಇಟ್ಟರು. ಅವ್ವ ಪೆನ್ನು ಹಿಡಿದು ತನ್ನ ಹೆಸರಿನ ಮೊದಲಕ್ಷರ ಚ ಬರೆಯುವಷ್ಟರಲ್ಲಿ ನಾನು ಇಣುಕಿ ನೋಡಿದೆ. ಖಾತೆದಾರರ ಹೆಸರಿನ ಜಾಗದಲ್ಲಿ ಧರ್ಮೇಶ ಎಂದಿತ್ತು.

"ತಡಿ ಅವ್ವ." ಕೈ ಅಡ್ಡ ಇಟ್ಟೆ. "ಮಾವ, ಇದು ಭಾವಂದು."

"ಹೂಂ. ಹೋದ ವರ್ಷ ಕಾರಿಗೆ ಅಂತ ಒಂದು ಲಕ್ಷ ಕಳ್ಸಿದ್ರಲ್ಲ, ಆ ನಂಬರು ಇಲ್ಲೇ ಐತೆ."

"ಈ ಸಲ ಅಕ್ಕನ ಅಕೌಂಟಿಗೆ. ನಂಬರು ಇಲ್ಲಿ ಬರ್ಕೊಂಡು ಬಂದಿದ್ದೀನಿ." ಚೀಟಿ ಮುಂದಿಟ್ಟೆ.

ಸಿದ್ದರಾಜು ಚೀಟಿಯನ್ನು ದೂರ ಹಿಡಿದು ಓದಿದರು. "ಅವ್ಳೊಬ್ಬಳದ್ದೇ ಅಕೌಂಟಾ? ಅದ್ಯಾವಾಗ ಮಾಡ್ಸಿದ್ಲು?"

"ಕೋರ್ಸಿಗೆ ಬೇಕಿತ್ತಂತೆ."

"ಧರ್ಮೇಶ ಹೇಳ್ಲೇ ಇಲ್ವಲ್ಲ. ಹೋದ ವಾರ ತಾನೇ ಮಾತಾಡ್ದ." ಅವರು ಚೀಟಿಯನ್ನು ಮೇಜಿನ ಮೇಲಿಟ್ಟು ಮೊಬೈಲು ತೆಗೆದರು. "ನೋಡಮ್ಮ ದಿವ್ಯ, ಹೊರದೇಶದ ಅಕೌಂಟಿಗೆ ಒಂದಂಕಿ ಹೆಚ್ಚುಕಮ್ಮಿ ಆದ್ರೂ ದುಡ್ಡು ವಾಪಸ್ ತರ್ಸೋಕೆ ತಿಂಗಳಾನುಗಟ್ಲೆ ಬೇಕು. ಅಳಿಯಂದ್ರನ್ನ ಬಿಟ್ಟು ಬರೀ ಮಗಳ ಹೆಸ್ರಿಗೆ ಹಾಕಿದ್ರೆ ಅವ್ನೂ ಏನಂದ್ಕೊಂಡಾನು? ಒಂದು ಮಾತು ಕೇಳ್ಬಿಡ್ತೀನಿ, ತಾಳು."

ಬೇಡ ಎಂದು ಹೇಗೆ ಹೇಳುವುದು? ಬೇಡ ಎಂದರೆ ಯಾಕೆ ಎನ್ನುತ್ತಾರೆ. ಒಂಬತ್ತನೇ ಕ್ಲಾಸಿನ ಎಪ್ಪತ್ತು ಹುಡುಗರನ್ನು ಒಂದೇ ನೋಟಕ್ಕೆ ಕೂರಿಸುವವಳು ನಾನು, ಅಲ್ಲಿ ಬ್ಯಾಗಿನ ಜಿಪ್ಪು ಎಳೆಯುತ್ತ ಕೂತಿದ್ದೆ. ಫೋನು ರಿಂಗಾಗುವುದು ನನಗೂ ಕೇಳಿಸುತ್ತಿತ್ತು. ಅಲ್ಲಿ ಆಗ ರಾತ್ರಿ ಎಂಟು. ಅಕ್ಕ ಅವನಿಗೆ ಊಟಕ್ಕೆ ಬಡಿಸುತ್ತಿರಬಹುದು. ಫೋನು ಸ್ಪೀಕರಿಗೆ ಹಾಕಿ, ನಿನ್ನ ಅಕೌಂಟಾ, ಯಾವ ಅಕೌಂಟು ಎಂದು ಅವಳತ್ತ ತಿರುಗುತ್ತಾನೆ. ಅಷ್ಟಾದರೆ ಮುಗಿಯಿತು, ಅವಳು ಆ ಹುಲ್ಲುಗಾವಲು ದಾಟುವುದಿಲ್ಲ.

ರಿಂಗಾಗಿ ನಿಂತುಹೋಯಿತು. "ಎತ್ತುತಿಲ್ಲ. ಕರು ಹಾಕೋ ಕಾಲ ಅಂತಿದ್ದ, ಕೊಟ್ಟಿಗೇಲಿರ್ಬೇಕು. ವಾಯ್ಸ್ ಮೆಸೇಜ್ ಹಾಕಿರ್ತೀನಿ, ಕೇಳ್ಕೊಂಡು ಫೋನ್ ಮಾಡ್ತಾನೆ" ಎಂದು ಸಿದ್ದರಾಜು ಫೋನನ್ನು ಬಾಯಿಯ ಹತ್ತಿರ ತಂದರು.

"ಅಣ್ಣ" ಎಂದಳು ಅವ್ವ. ಟೀ ಲೋಟ ಕೆಳಗಿಟ್ಟು ಬಹಳ ಮೆತ್ತಗೆ ಕರೆದಳು. "ಇದು ಗೌರಿ ಬಾಗಿನ."

ಸಿದ್ದರಾಜು ಫೋನು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದರು. ನಾನು ಅವ್ವನ ಮುಖ ನೋಡಿದೆ. ಅವಳು ನನ್ನತ್ತ ನೋಡಲಿಲ್ಲ.

"ಬಾಗಿನವಾ? ದಿವ್ಯ ಕೋರ್ಸು ಅಂದ್ಲು."

"ಆ ದುಡ್ನ ಅವ್ಳು ಏನಕ್ಕಾದ್ರೂ ಹಾಕ್ಕಳ್ಳಿ. ನಾನು ಕೊಡೋದು ಬಾಗಿನ."

"ಎರಡು ಲಕ್ಷದ ಬಾಗಿನ ಎಲ್ಲಾದ್ರೂ ಐತಾ ಬೀಗ್ರೆ?" ಸಿದ್ದರಾಜು ನಕ್ಕರು. "ನಮ್ಮನೆ ಹೆಣ್ಮಕ್ಳಿಗೆ ನಾನು ಕೊಡೋದು ಐನೂರು."

"ಮದ್ವೆ ಆಗಿ ಎರಡು ಗೌರಿ ಹಬ್ಬ ಹೋಯ್ತು. ಒಂದ್ಕೂ ನಾನು ಬಾಗಿನ ಕೊಟ್ಟಿಲ್ಲ. ದೂರದ ದೇಶ, ಮೊರ ಹೆಂಗೆ ಕಳಿಸೋದು ಅಂತ ಸುಮ್ಕೆ ಆಗ್ಬಿಟ್ಟೆ. ಅವ್ರಪ್ಪ ಬದುಕಿದ್ದಿದ್ರೆ ಹಂಗೆ ಬಿಡ್ತಿರ್ಲಿಲ್ಲ. ಶುಂಠಿ ದುಡ್ಡು ಬಂದೈತೆ, ಎಲ್ಲಾ ಸೇರ್ಸಿ ಕೊಡ್ತಿದ್ದೀನಿ." ಅವ್ವ ಮುಂದಕ್ಕೆ ಬಾಗಿದಳು. "ಬಾಗಿನದ ಮೊರಕ್ಕೆ ಸೆರಗು ಮುಚ್ಚಿ ಕೊಡ್ತೀವಲ್ಲ ಅಣ್ಣ, ಒಳಗೇನೈತೆ ಅಂತ ಗಂಡುಸ್ರು ಕೇಳ್ತಾರಾ? ನಿಮ್ಮಕ್ಕನ್ಗೆ ನೀವು ಬಾಗಿನ ಕೊಡೋವಾಗ ಭಾವನ್ನ ಕೇಳಿ ಕೊಡ್ತೀರಾ?"

ಸಿದ್ದರಾಜುವಿನ ಮುಖದ ನಗು ಇಳಿಯಿತು. ಬ್ಯಾಂಕಿನ ಕಾನೂನು ಹೇಳಿದ್ದರೆ ಅವರು ಹತ್ತು ಉತ್ತರ ಕೊಡುತ್ತಿದ್ದರು. ಇದು ಬಾಗಿನದ ಮಾತು. ನಮ್ಮ ಕಡೆ ತವರಿನ ಬಾಗಿನಕ್ಕೆ ಅಳಿಯನ ಅಪ್ಪಣೆ ಕೇಳಿದ ಗಂಡಸು ಎನ್ನಿಸಿಕೊಂಡರೆ ನಾಳೆ ಅವರ ಮನೆಯ ಹೆಂಗಸರೇ ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ.

"ಛೆ, ನಾನು ಹಂಗಂದಿದ್ದಲ್ಲ" ಎಂದು ಅವರು ಇನ್ನೊಂದು ಫಾರಂ ತೆಗೆದರು. ಚೀಟಿಯಲ್ಲಿದ್ದ ಹದಿನೈದು ಅಂಕಿಗಳನ್ನು ಒಂದೊಂದಾಗಿ ಬರೆದರು. ಉದ್ದೇಶ ಎಂದಿದ್ದ ಕಡೆ ಉಡುಗೊರೆ ಎಂದು ಗುರುತು ಹಾಕಿದರು. ಅವ್ವ ಒಂದೊಂದಕ್ಷರಕ್ಕೂ ನಿಂತು ನಿಂತು ಮೂರು ಕಡೆ ಚಲುವಮ್ಮ ಎಂದು ಬರೆಯುವಷ್ಟರಲ್ಲಿ ಒಂದೂ ನಲವತ್ತಾಗಿತ್ತು.

ಆಗ ಮೇಜಿನ ಮೇಲಿದ್ದ ಅವರ ಫೋನು ಗುರುಗುಟ್ಟಿತು. ಧರ್ಮೇಶನ ಫೋಟೊ ಬಂತು, ಮದುವೆಯ ಪೇಟ ಕಟ್ಟಿಕೊಂಡದ್ದು.

ಸಿದ್ದರಾಜು ಎತ್ತಿಕೊಂಡರು. ಪಕ್ಕದಲ್ಲಿ ಕೂತಿದ್ದ ನನಗೆ ಆ ಕಡೆಯ ಮಾತು ಅಸ್ಪಷ್ಟವಾಗಿಯಾದರೂ ಕೇಳುತ್ತಿತ್ತು. "ಏನ್ ಮಾವ, ಫೋನ್ ಮಾಡಿದ್ರಿ?"

ಸಿದ್ದರಾಜು ಅವ್ವನನ್ನು ನೋಡಿದರು. ಅವ್ವ ಪೆನ್ನಿನ ಮುಚ್ಚಳ ಹಾಕುತ್ತಿದ್ದಳು.

"ಏನಿಲ್ಲಪ್ಪ, ಹಬ್ಬ ಬಂತಲ್ಲ, ಸುಮ್ನೆ ಮಾಡ್ದೆ."

"ಹರ್ಷಿತಾ ಏನಾರ ನಿಮ್ಗೆ ಫೋನ್ ಮಾಡಿದ್ಲಾ? ಅವ್ರಮ್ಮನ ಮನೆಯೋರು ಯಾರಾದ್ರೂ ಬಂದಿದ್ರಾ?" ಧರ್ಮೇಶನ ದನಿ ಏರಿತು. "ಏನಾದ್ರೂ ಹೇಳಿದ್ರೆ ನಂಗೆ ಮೊದ್ಲು ಹೇಳಿ ಮಾವ. ಅವ್ಳ ಸೊಕ್ಕು ಜಾಸ್ತಿ ಆಗೈತೆ. ಇಳಿಸ್ತೀನಿ."

ಸಿದ್ದರಾಜು ಹಣೆಯ ಮೇಲಿದ್ದ ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರು. ನಾನು ಕುರ್ಚಿಯ ಅಂಚಿಗೆ ಸರಿದು ಕೂತಿದ್ದೆ.

"ಯಾರೂ ಬಂದಿಲ್ಲ" ಎಂದರು. "ಕೌಂಟರ್ ತುಂಬಾ ಜನ ಅವ್ರೆ, ಇಡ್ತೀನಿ."

ಆಮೇಲೆ ಫಾರಂ ಹಿಡಿದುಕೊಂಡು ತಾವೇ ಮ್ಯಾನೇಜರ ಕೋಣೆಗೆ ಹೋದರು. ಗಾಜಿನ ಆಚೆ ಮ್ಯಾನೇಜರು ತಲೆಯಾಡಿಸುವುದು, ಗಡಿಯಾರ ನೋಡುವುದು, ಇವರು ಏನೋ ಒತ್ತಿ ಹೇಳುವುದು ಕಾಣುತ್ತಿತ್ತು. ಒಂದೂ ಐವತ್ತಾರಕ್ಕೆ ಹೊರಗೆ ಬಂದು ಸೀಲು ಹಾಕಿದ ರಸೀದಿ ಕೊಟ್ಟರು. "ಹೋಯ್ತು" ಎಂದರು, ನಮ್ಮ ಮುಖ ನೋಡದೆ.

ಬಸ್ ಸ್ಟ್ಯಾಂಡಿನಲ್ಲಿ ಹಬ್ಬದ ಗದ್ದಲ. ಮೊರ, ಬಳೆ, ಹೂವಿನವರ ಕೂಗು. ಅವ್ವ ಒಂದು ಕಂಬಕ್ಕೆ ಒರಗಿ ನಿಂತಳು. ಅವಳ ಬುದ್ಧಿವಂತಿಕೆಗೆ ನನಗೆ ಹೆಮ್ಮೆಯಾಗಿತ್ತು. ಗೊತ್ತಿಲ್ಲದೆಯೇ ಮಗಳನ್ನು ಉಳಿಸಿದಳಲ್ಲ ಎಂದು ಒಳಗೊಳಗೇ ನಗುವೂ ಬಂದಿತ್ತು. ಆಗ ಅವಳು ಕೇಳಿದಳು.

"ಯಾವತ್ತು ಮನೆ ಬಿಡ್ತಾಳೆ?"

"ಯಾರು?"

"ನಿಮ್ಮಕ್ಕ."

ರಸೀದಿಯನ್ನು ಬ್ಯಾಗಿನೊಳಗೆ ತಳ್ಳಿದೆ. ಕೊನೆಗೆ, "ಬುಧವಾರ" ಎಂದೆ. "ನಿಂಗೆ ಹೆಂಗೆ ಗೊತ್ತಾಯ್ತು?"

ಅವಳು ಬಸ್ಸು ಬರುವ ಕಡೆ ನೋಡಿದಳು. "ನಂಗೆ ಗೊತ್ತು ಅಂತ ಅವ್ಳಿಗೆ ಹೇಳ್ಬೇಡ ದಿವ್ಯ. ಅವ್ವ ಬೇಡ ಅಂತಾಳೆ ಅಂದ್ಕೊಂಡು ಹೆದರಿ ಅಲ್ಲೇ ನಿಂತ್ಬಿಟ್ಟಾಳು. ಆಚೆ ಬರ್ಲಿ, ಆಮೇಲೆ ಹೇಳು."

ಆ ಐದು ದಿನ ನಾವಿಬ್ಬರೂ ಸರಿಯಾಗಿ ಉಣ್ಣಲಿಲ್ಲ. ಫೋನು ಸದ್ದು ಮಾಡಿದರೆ ಸಾಕು, ಸಿದ್ದರಾಜು ಮನಸ್ಸು ಬದಲಾಯಿಸಿ ಅವನಿಗೆ ಹೇಳಿಬಿಟ್ಟರೇನೋ ಎಂದು ಇಬ್ಬರೂ ಅತ್ತ ಓಡುತ್ತಿದ್ದೆವು. ಶನಿವಾರ ಅಕ್ಕ ಮಾಮೂಲಿಯಂತೆ ಫೋನು ಮಾಡಿದಾಗ ಅವ್ವ ಶುಂಠಿಗೆ ಬಂದ ಕೊಳೆರೋಗದ ಸುದ್ದಿ ಹೇಳಿದಳು, ಗಂಡನನ್ನು ವಿಚಾರಿಸಿದಳು, ಹೊಂದಿಕೊಂಡು ಹೋಗು ಎಂದೂ ಹೇಳಿದಳು. ಹೇಳಿ ಫೋನಿಟ್ಟವಳು ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಮಂಗಳವಾರ ಮಧ್ಯಾಹ್ನ ಅಕ್ಕ ನನಗೆ ಒಂದೇ ಪದದ ಮೆಸೇಜು ಕಳಿಸಿದಳು, "ಬಂತು" ಎಂದು.

ಬುಧವಾರ ಗಣಪತಿ ಹಬ್ಬ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಅಲ್ಲಿ ಸಂಜೆಯಾಗಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಬಂದ್ಬಿಟ್ಟೆ ಕಣೆ" ಎಂದಳು ಅಕ್ಕ. ಅವನು ಸಂಜೆಯ ಹಾಲು ಕರೆಯಲು ಹೋದಾಗ ನರ್ಸಿನ ಕಾರು ಹತ್ತಿ ಬಂದಿದ್ದಳು. ಕೋಣೆಯ ಬೀಗದ ಕೈ ಅವಳ ಕೈಯಲ್ಲಿತ್ತು. ಇಬ್ಬರೂ ಅತ್ತೆವು. ಆಮೇಲೆ ಅವಳು, "ಅವ್ವಂಗೆ ನೀನೇ ಹೇಳೆ. ನನ್ ಕೈಲಾಗಲ್ಲ" ಎಂದಳು.

ನಾನು ಅಡುಗೆಮನೆಗೆ ಹೋಗಿ ಫೋನನ್ನು ಸ್ಪೀಕರಿಗೆ ಹಾಕಿ ಅವ್ವನ ಮುಂದೆ ಹಿಡಿದೆ. ಕಡುಬಿನ ಹಿಟ್ಟು ಮೆತ್ತಿದ್ದ ಕೈಯನ್ನು ಅವಳು ಸೀರೆಗೆ ಒರೆಸಿಕೊಂಡಳು.

"ಹರ್ಷಿ" ಎಂದಳು. ಆ ಕಡೆಯಿಂದ ಅಕ್ಕ ಏನೋ ತೊದಲಿದಳು.

"ಮದ್ವೆ ಆಗಿ ಆರು ತಿಂಗಳಿಗೇ ನಂಗೆ ಫೋನ್ ಮಾಡಿ ಹೇಳಿದ್ದೆ ನೀನು" ಎಂದಳು ಅವ್ವ. "ಪೂರ್ತಿ ಹೇಳೋಕೂ ಬಿಡ್ದೆ, ಹೊಂದ್ಕೊಂಡು ಹೋಗು ಅಂತ ಫೋನ್ ಮಡಗ್ಬಿಟ್ಟೆ ನಾನು. ಆಮೇಲೆ ನೀನು ಒಂದು ದಿನಾನೂ ಬಾಯಿ ಬಿಡ್ಲಿಲ್ಲ."

ನನಗೊಬ್ಬಳಿಗೇ ಅಕ್ಕ ಹೇಳಿಕೊಂಡಳು ಎಂದುಕೊಂಡಿದ್ದೆ. ನನಗೆ ಹೇಳುವ ಎರಡು ವರ್ಷ ಮೊದಲೇ ಅವಳು ಅವ್ವನಿಗೆ ಹೇಳಿದ್ದಳು. ಅವ್ವನ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂತು, ಅವಳ ಮುಖ ನೋಡಿ ಅಯ್ಯೋ ಎಂದೂ ಅನ್ನಿಸಿತು.

ಅವ್ವ ಒಲೆ ಆರಿಸಿ ನೆಲದ ಮೇಲೆ ಕೂತಳು. "ಇವಾಗ ಹೇಳವ್ವ. ಮೊದ್ಲಿಂದ ಹೇಳು" ಎಂದಳು.

ಅಕ್ಕ ಹೇಳತೊಡಗಿದಳು. ಅವ್ವ ನಡುವೆ ಒಂದು ಮಾತೂ ಆಡದೆ ಕೇಳಿದಳು.