ಎಡಬದಿಯ ಆಕಾಶ

ಲಕೋಟೆಯ ಮೇಲಿದ್ದ ನಿನ್ನೆಯ ಹೂವನ್ನು ತೆಗೆದು ಬಸವರಾಜರು ಇಂದಿನದನ್ನು ಇರಿಸಿದರು. ಬೇಲಿಯಂಚಿನ ಕಮೀಲಿಯಾ ಗಿಡದ ಕೆಂಪು ಹೂ. ಎಸಳುಗಳ ಮೇಲೆ ಆಗಸ್ಟ್ ತಿಂಗಳ ಚಳಿಯ ಹನಿ ಇನ್ನೂ ಆರಿರಲಿಲ್ಲ. ಶ್ರಾವಣ ಸೋಮವಾರವಾದ್ದರಿಂದ ಪೂಜೆ ತುಸು ದೀರ್ಘವಾಗಿಯೇ ನಡೆದಿತ್ತು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ ಹೆಂಡತಿ ದ್ರಾಕ್ಷಾಯಣಿ ಹೂವನ್ನು ನೋಡಿದರು, ಲಕೋಟೆಯನ್ನು ನೋಡಲಿಲ್ಲ.

ಅದು ನೇತ್ರತಜ್ಞರ ಕಚೇರಿಯಿಂದ ಗುರುವಾರ ಬಂದದ್ದು. ಮನೆಗೆ ಬಂದ ಮುಖ್ಯವಾದ ಕಾಗದವನ್ನು ಮೊದಲು ದೇವರ ಜಗಲಿಯ ಮೇಲಿಟ್ಟು, ದೀಪ ಬೆಳಗಿ, ಆಮೇಲೆ ಬಿಚ್ಚುವುದು ಅವರ ಕುಲದ ರೂಢಿ. ಗದಗದಿಂದ ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿಗೆ, ಅಲ್ಲಿಂದ ಆಕ್ಲೆಂಡಿನ ಮನುಕಾವ್‌ಗೆ ಆ ರೂಢಿಯೂ ಅವರ ಬೆನ್ನು ಬಿಡದೆ ಬಂದಿತ್ತು. ದೀಪದ ಎಣ್ಣೆ ತೀರುವ ಮುನ್ನವೇ ಕಾಗದವನ್ನು ಎತ್ತಿಕೊಳ್ಳುವ ಅವಸರ ದ್ರಾಕ್ಷಾಯಣಿಯವರದೇ. ಈ ಬಾರಿ ಮಾತ್ರ ಅವರು ಜಗಲಿಯ ಹತ್ತಿರ ಸುಳಿದಿರಲಿಲ್ಲ.

“ನಾಕ ದಿನ ಆತು,” ಎಂದರು ಬಸವರಾಜರು, ಬೆರಳಿಗಂಟಿದ ವಿಭೂತಿಯನ್ನು ಒರೆಸಿಕೊಳ್ಳುತ್ತ. “ಶಿವಗ ಮೂರು ಕಣ್ಣ ಅದಾವ. ಇಷ್ಟೊತ್ತಿಗೆ ಓದಿ ಮುಗಿಸಿರಬೇಕು.”

“ಅವಗ ಇಂಗ್ಲಿಷ್ ಎಲ್ಲಿ ಬರತದ್ರೀ.”

“ಹಂಗಾರ ನೀನ ಓದಿ ಹೇಳು ಅವಗ.”

ದ್ರಾಕ್ಷಾಯಣಿ ನಕ್ಕು ಕಾರಿನ ಕೀಲಿಕೈ ತೆಗೆದುಕೊಂಡರು. ಬಸವರಾಜರು ಅವರ ಜಾಕೆಟ್ಟಿನ ಜೇಬಿಗೆ ಎರಡು ಚಕ್ಕುಲಿಯ ಪೊಟ್ಟಣವನ್ನು ತುರುಕಿ ಬಾಗಿಲ ತನಕ ಬಂದರು.

ದಾರಿಯುದ್ದಕ್ಕೂ ಕಣ್ಣಿನ ಪರೀಕ್ಷೆಯ ದಿನವೇ ದ್ರಾಕ್ಷಾಯಣಿಯವರ ನೆನಪಿಗೆ ಬರುತ್ತಿತ್ತು. ಬಟ್ಟಲಿನಂಥ ಬಿಳಿಯ ಯಂತ್ರದೊಳಗೆ ಮುಖವಿಟ್ಟು, ಚುಕ್ಕೆಬೆಳಕು ಮಿನುಗಿದಾಗಲೆಲ್ಲ ಗುಂಡಿಯೊತ್ತಬೇಕು. ಬಲಗಡೆ ಮಿನುಗಿತು, ಮೇಲೆ ಮಿನುಗಿತು. ಎಡಗಡೆ ಬಹಳ ಹೊತ್ತು ಏನೂ ಮಿನುಗದಿದ್ದಾಗ ಯಂತ್ರ ಕೆಟ್ಟಿರಬೇಕೆಂದು ಎಣಿಸಿದ್ದರು. ಉದ್ಯೋಗವೇನೆಂದು ಅಲ್ಲಿನ ಹುಡುಗಿ ಕೇಳಿದಾಗ ‘ಟೀಚರ್’ ಎಂದಷ್ಟೇ ಹೇಳಿದ್ದರು. ಅದು ಸುಳ್ಳಲ್ಲ, ಆದರೆ ಆಕಾಶವೆಂಬ ಪಾಠಶಾಲೆಯ ಹೆಸರನ್ನು ಅವರು ಹೇಳದೆ ನುಂಗಿದ್ದರು.

ನಲವತ್ತು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ವಿಮಾನ ಹಾರಿಸುವುದನ್ನು ಕಲಿಯಲು ಹೊರಟಾಗ, ಅವರ ಓಣಿಯಿಂದ ಹಾಗೆ ಹೊರಟ ಹೆಣ್ಣುಮಗಳು ಮತ್ತೊಬ್ಬಳಿರಲಿಲ್ಲ. ಹೆಂಗಸಿಗೆ ಇದು ತಕ್ಕ ಕೆಲಸವೇ ಎಂದು ಹಿರಿಯರು ತಂದೆಯನ್ನು ಕೇಳಿದರಂತೆ. ಪುರಾಣ ಹೇಳುತ್ತಿದ್ದ ತಂದೆ, ಸೂರ್ಯನ ಸಾರಥಿಯಾದ ಅರುಣನಿಗೆ ತೊಡೆಗಳೇ ಇಲ್ಲ, ಆದರೂ ಅನುದಿನವೂ ರಥವನ್ನು ದಡ ಮುಟ್ಟಿಸುತ್ತಾನೆ, ನನ್ನ ಮಗಳಿಗಾದರೋ ಕೈಕಾಲುಗಳಿವೆ, ಎರಡು ಕಣ್ಣುಗಳಿವೆ ಎಂದು ಉತ್ತರಿಸಿದರಂತೆ. ಮುಂದೆ ಕ್ರೈಸ್ಟ್‌ಚರ್ಚಿರುವ ದಕ್ಷಿಣ ದ್ವೀಪದಲ್ಲಿ ನಸುಕಿನ ಟಪಾಲು ವಿಮಾನ ಹಾರಿಸುತ್ತಿದ್ದಾಗ, ಮೂಟೆ ಇಳಿಸಲು ಬಂದ ಆಳುಗಳು ಇವರ ಬೆನ್ನ ಹಿಂದೆ ಇಣುಕಿ ಪೈಲಟ್ ಇಳಿಯುವುದನ್ನೇ ಕಾಯುತ್ತಿದ್ದರು. ಆಕ್ಲೆಂಡಿನ ಈ ಹಾರಾಟದ ಕ್ಲಬ್ಬಿನ ಶಿಕ್ಷಕರ ಫಲಕದಲ್ಲಿ ಮೊತ್ತಮೊದಲ ಹೆಣ್ಣಿನ ಹೆಸರು ಇವರದೇ. ತೊಂಬತ್ಮೂರು ಮಂದಿಯನ್ನು ಒಬ್ಬೊಬ್ಬರಾಗಿ ಆಕಾಶಕ್ಕೆ ಒಪ್ಪಿಸಿದ್ದರು. ಈಗ ಉಳಿದ ಶಿಷ್ಯೆ ಒಬ್ಬಳೇ, ಮಾನ್ಯ.

ಮೈಸೂರಿನ ವೆಂಕಟೇಶರ ಮಗಳಾದ ಮಾನ್ಯಳಿಗೆ ಹತ್ತೊಂಬತ್ತು ವರ್ಷ. ವಾರಾಂತ್ಯ ಡೇರಿಯಂಗಡಿಯ ಗಲ್ಲೆಯಲ್ಲಿ ಕುಳಿತು ಗಳಿಸಿದ್ದನ್ನೆಲ್ಲ ಹಾರಾಟಕ್ಕೆ ಸುರಿಯುತ್ತಿದ್ದಳು. ಒಂಟಿಯಾಗಿ ಹಾರಲು ಅವಳು ಅಣಿಯಾಗಿ ಮೂರು ವಾರ ಕಳೆದಿದ್ದವು. ಆದರೆ ದ್ರಾಕ್ಷಾಯಣಿ ಒಮ್ಮೆ ಗಾಳಿ ಸರಿಯಿಲ್ಲವೆಂದರು, ಇನ್ನೊಮ್ಮೆ ಇಳಿಸುವಿಕೆ ಒರಟೆಂದರು. ಅವಳು ಹಾರಿಹೋದ ಮೇಲೆ ತಾನು ಯಾರ ಪಕ್ಕದಲ್ಲಿ ಕೂರಬೇಕೆಂಬ ಪ್ರಶ್ನೆಯನ್ನು ಅವರು ತಮ್ಮೊಳಗೂ ಕೇಳಿಕೊಂಡಿರಲಿಲ್ಲ.

ವಿಮಾನದ ರೆಕ್ಕೆಯ ಕೆಳಗೆ ಮಾನ್ಯ ಕಾಯುತ್ತಿದ್ದಳು. ಮುಖ ಸಪ್ಪಗಿತ್ತು.

“ಆಂಟಿ, ಆನೆಸ್ಟಾಗಿ ಹೇಳ್ಬಿಡಿ. ನನ್ ಕೈಲಿ ಇದು ಆಗಲ್ಲ ಅನ್ಸಿದ್ರೆ ಇವತ್ತೇ ಸ್ಟಾಪ್ ಮಾಡ್ತೀನಿ. ಅಪ್ಪಂಗೆ ಆಲ್ರೆಡಿ ಹೇಳಿದೀನಿ.”

ದ್ರಾಕ್ಷಾಯಣಿ ವಿಮಾನದ ಬಲಬದಿಯ, ಶಿಕ್ಷಕರ ಆಸನದ ಬಾಗಿಲು ತೆರೆದರು. “ಮೊದಲ ಏರೋಣ ಬಾ,” ಎಂದರು. “ಮ್ಯಾಲ ಹೋದಮ್ಯಾಲ ನಾ ಯಾರ ಆಂಟಿನೂ ಅಲ್ಲ, ನೆನಪಿರಲಿ.”

“ಗೊತ್ತು. ಕ್ಯಾಪ್ಟನ್,” ಎಂದು ಹುಡುಗಿ ಒಲ್ಲದ ಮನಸ್ಸಿನಿಂದ ನಕ್ಕಳು.

ರನ್‌ವೇಯ ಸುತ್ತ ಎರಡು ಸುತ್ತುಗಳನ್ನು ಮಾನ್ಯ ನೂಲು ಹಿಡಿದಂತೆ ನೇರವಾಗಿ ಮುಗಿಸಿದಳು. ಮೂರನೆಯದರಲ್ಲಿ, ಎಂಜಿನ್ನಿನ ಬಲವಿಲ್ಲದೆ ತೇಲಿಸಿ ಇಳಿಸುವ ಬಗೆಯನ್ನು ತೋರಿಸುವೆನೆಂದು ದ್ರಾಕ್ಷಾಯಣಿ ತಾವೇ ವಿಮಾನ ನಡೆಸುವ ಹಿಡಿಕೆಯನ್ನು ತೆಗೆದುಕೊಂಡರು. ತೋರಿಸುವ ಅಗತ್ಯವೇನೂ ಇರಲಿಲ್ಲ. ಕೆಳಗೆ ಕುರಿಗಳ ಹಸಿರು ಹೊಲಗಳು, ಆಚೆಗೆ ಮಂಜು ಕರಗುತ್ತಿದ್ದ ಹುನುವಾ ಗುಡ್ಡಗಳು. ಎಡಕ್ಕೆ ತಿರುಗಬೇಕಾದ ಜಾಗ ಬಂತು. ಅವರು ಎಡಗಡೆ ನೋಡಿದರು. ತೊಳೆದಿಟ್ಟಂಥ ಆಕಾಶ.

“ಲೆಫ್ಟ್ ಕ್ಲಿಯರ್,” ಎಂದು ನಲವತ್ತು ವರ್ಷಗಳ ಅಭ್ಯಾಸದ ದನಿಯಲ್ಲಿ ನುಡಿದು ಹಿಡಿಕೆಯನ್ನು ವಾಲಿಸಿದರು. ಅದು ವಾಲಲಿಲ್ಲ. ಮಾನ್ಯ ಅದರೊಂದಿಗೇ ತಿರುಗುವ ತನ್ನ ಕಡೆಯ ಜೋಡಿ ಹಿಡಿಕೆಯನ್ನು ಎರಡೂ ಕೈಗಳಿಂದ ಬಿಗಿಹಿಡಿದಿದ್ದಳು.

“ಬೇಡ ಆಂಟಿ. ಅಲ್ಲಿ ಒಂದು ಬರ್ತಿದೆ.”

ದ್ರಾಕ್ಷಾಯಣಿ ಮತ್ತೆ ನೋಡಿದರು. ಏನೂ ಇರಲಿಲ್ಲ. ಆಮೇಲೆ ಗದ್ದವು ಹೆಗಲಿಗೆ ತಾಗುವಂತೆ ಇಡೀ ಮುಖವನ್ನು ತಿರುಗಿಸಿದರು. ಆಗ ಬರಿದಾದ ಆಕಾಶದ ಗರ್ಭದಿಂದಲೇ ಉದಿಸಿದಂತೆ ಬಿಳಿಯ ವಿಮಾನವೊಂದು ಕಂಡಿತು. ಅದರೊಳಗಿದ್ದವನ ಕೆಂಪು ಟೋಪಿಯೂ ಕಾಣುವಷ್ಟು ಸಮೀಪದಲ್ಲಿ. ಅದು ಇವರ ಕೆಳಗಿನಿಂದ ಹಾದು, ಏನೂ ಅರಿಯದ ಹಾಗೆ ರನ್‌ವೇಯ ಕಡೆ ಹೊರಳಿತು.

ದ್ರಾಕ್ಷಾಯಣಿ ತಮ್ಮ ಕೈಗಳನ್ನು ಮಡಿಲಿಗೆ ತೆಗೆದುಕೊಂಡರು. ವಿಮಾನ ಈಗ ನಿನ್ನದು ಎಂದು ಕ್ರಮದಂತೆ ಹೇಳಿದರು. ಮಾನ್ಯ ಅದನ್ನು ಇಳಿಸಿದಳು. ಚಕ್ರಗಳು ನೆಲ ಮುಟ್ಟಿದ್ದು ಅವರಿಗೆ ತಿಳಿಯಲೇ ಇಲ್ಲ, ಅಷ್ಟು ಹಗುರ.

ಹುಲ್ಲಿನ ಬದಿಗೆ ಒಯ್ದು ಎಂಜಿನ್ ನಿಲ್ಲಿಸಲು ಹೇಳಿದರು. ವಿಮಾನದ ಪಂಖ ನಿಂತ ಮೇಲೆ ಹುಡುಗಿಯ ಉಸಿರು ಕೇಳಿಸತೊಡಗಿತು.

“ಸಾರಿ ಆಂಟಿ. ಕಂಟ್ರೋಲ್ ನಿಮ್ ಹತ್ರ ಇತ್ತು, ನಾನು ಹಿಡೀಬಾರ್ದಿತ್ತು.”

“ಹಿಡದಿ ಅಂತನ ನಾವಿಬ್ರೂ ಇಲ್ಲಿ ಕುಂತೀವಿ.” ದ್ರಾಕ್ಷಾಯಣಿ ಕನ್ನಡಕ ತೆಗೆದು ಸೆರಗಿಲ್ಲದ ಜಾಕೆಟ್ಟಿನ ಅಂಚಿನಿಂದ ಒರೆಸಿದರು. “ನನಗ ಅದು ಕಾಣಲಿಲ್ಲವ್ವಾ.”

“ಬಿಸಿಲು ಹೊಡೀತಿತ್ತಲ್ಲ, ಅದಕ್ಕೆ.”

ಮಾನ್ಯ ಆ ನೆಪವನ್ನು ಎಷ್ಟು ಅಕ್ಕರೆಯಿಂದ ಚಾಚಿದಳೆಂದರೆ, ಕೈನೀಡಿ ತೆಗೆದುಕೊಂಡರೆ ಸಾಕಿತ್ತು. ಇನ್ನೊಂದು ವಾರ, ಇನ್ನೊಂದು ತಿಂಗಳು ಅದರ ಆಸರೆಯಲ್ಲಿ ಕಳೆದುಹೋಗುತ್ತಿತ್ತು. ದ್ರಾಕ್ಷಾಯಣಿ ಆ ಎಳೆಯ ಮುಖವನ್ನು ನೋಡಿದರು.

“ಬಿಸಿಲು ನಮ್ಮ ಬೆನ್ನಿಗಿತ್ತು,” ಎಂದರು. “ಎಡಗಡೆ ನನಗ ಕಾಣೂದಿಲ್ಲ. ಈಗ ಗೊತ್ತಾತು ಅಂದ್ರ ಸುಳ್ಳ ಆಗತದ.”

ಕೆಳಗಿಳಿದು, ರೆಕ್ಕೆಯಾಚೆ ಹೋಗಿ, ಕ್ಲಬ್ಬಿನ ಮುಖ್ಯ ಶಿಕ್ಷಕ ಕಾಲಿನ್‌ಗೆ ಫೋನು ಮಾಡಿದರು. ಕಾಣದ ವಿಮಾನದ ಸಂಗತಿಯನ್ನು ಹೇಳಿದರು. ಬಿಚ್ಚದ ಪತ್ರದ ಸಂಗತಿಯನ್ನೂ ಹೇಳಿದರು. ಇಂದಿನಿಂದ ಹಾರಾಟದ ಪಟ್ಟಿಯಲ್ಲಿ ತನ್ನ ಹೆಸರು ಬೇಡವೆಂದರು. ಆ ಕಡೆಯಿಂದ ಕಾಲಿನ್, ಹುಡುಗಿ ಹೇಗಿದ್ದಾಳೆಂದು ಕೇಳಿದ. ಮೂರು ವಾರದಿಂದ ಅವಳು ಅಣಿಯಾಗಿದ್ದಾಳೆ, ಅಣಿಯಾಗದಿದ್ದವಳು ನಾನು ಎಂದು ದ್ರಾಕ್ಷಾಯಣಿ ಉತ್ತರಿಸಿದರು. ಅವಳ ಇಂದಿನ ಎರಡು ಸುತ್ತುಗಳನ್ನು ಕಿಟಕಿಯಿಂದ ತಾನೂ ನೋಡಿದೆನೆಂದೂ, ಅವಳನ್ನು ಬಿಡಬಹುದೆಂದೂ ಅವನು ಹೇಳಿದ. ಕ್ಲಬ್ಬಿನ ಮೊಗಸಾಲೆಗೆ ಅವನು ಕೈರೇಡಿಯೋ ಹಿಡಿದು ಬಂದು ನಿಂತದ್ದೂ ಕಂಡಿತು.

ಅವರು ಹಿಂದಿರುಗಿ ಬಲಬದಿಯ ಬಾಗಿಲು ತೆರೆದರು. ತಾವು ಕುಳಿತಿದ್ದ ಆಸನದ ಪಟ್ಟಿಗಳನ್ನು ಎಳೆದು, ಬರಿದಾದ ಜಾಗದ ಮೇಲೆ ಒಂದಕ್ಕೊಂದು ಕೂಡಿಸಿ ಬಿಗಿದರು. ಸಡಿಲವಾದ ಪಟ್ಟಿ ಹಿಡಿಕೆಗೆ ಸಿಕ್ಕಿಕೊಳ್ಳಬಾರದು. ತೊಂಬತ್ಮೂರು ಬಾರಿ ಮಾಡಿದ ಕೆಲಸ. ಆದರೂ ಕೊಂಡಿ ಕೂಡಲು ಇಂದು ಎರಡು ಸಲ ತಪ್ಪಿತು.

ಮಾನ್ಯ ಆ ಕೈಗಳನ್ನೇ ನೋಡುತ್ತಿದ್ದಳು. “ಒಬ್ಳೇನಾ?”

“ಒಂದ ಸುತ್ತು. ಕಾಲಿನ್ ರೇಡಿಯೋದಾಗ ಇರ್ತಾನ.”

“ನೀವು?”

“ನಾ ಇಲ್ಲೇ ಹುಲ್ಲಿನ ಮ್ಯಾಲ ನಿಂತಿರ್ತೀನಿ.” ಬಾಗಿಲು ಮುಚ್ಚುವ ಮೊದಲು ಅವರು ಒಮ್ಮೆ ಬಾಗಿದರು. “ಒಂದ ಮಾತು ಕೇಳು. ನನ್ನ ಭಾರ ಇರೂದಿಲ್ಲ. ನೀ ತಿಳದದ್ದಕ್ಕಿಂತ ಲಗೂನ ನೆಲಾ ಬಿಡತದ. ಗಾಬರಿ ಆಗಬ್ಯಾಡ, ಹೋಗಗೊಡು.”

ಮಾನ್ಯ ತಲೆಯಾಡಿಸಿ, ಕಣ್ಣೊರೆಸಿಕೊಂಡು, ತಪಾಸಣೆಯ ಪಟ್ಟಿಯನ್ನು ತೊಡೆಯ ಮೇಲೆ ಬಿಡಿಸಿದಳು. ಒಂದೊಂದನ್ನೇ ಗಟ್ಟಿಯಾಗಿ ಓದುತ್ತಿದ್ದುದು ಗಾಜಿನೊಳಗಿನಿಂದ ತುಟಿಗಳಲ್ಲಿ ಕಾಣುತ್ತಿತ್ತು. ಎಂಜಿನ್ ಹತ್ತಿತು. ಹುಲ್ಲು ಹಿಂದಕ್ಕೆ ಮಲಗಿತು.

ವಿಮಾನ ರನ್‌ವೇಯ ತುದಿಗೆ ಹೋಗಿ ತಿರುಗಿತು, ಓಡಿತು. ಅರ್ಧ ದಾರಿಯನ್ನೂ ಸವೆಸದೆ ನೆಲವನ್ನು ಬಿಟ್ಟಿತು. ಗಾಳಿಯಲ್ಲಿ ಒಂದಿಷ್ಟು ಅಲುಗಿ, ಆಮೇಲೆ ಸ್ಥಿರವಾಯಿತು. ಗುಡ್ಡಗಳ ಕಡೆ ಏರುತ್ತ ಏರುತ್ತ ಅದು ಎಡಕ್ಕೆ ಹೊರಳಿತು; ಹೊರಳುವ ಮುನ್ನ ಆ ಕಡೆಯ ರೆಕ್ಕೆ ಒಂದು ಕ್ಷಣ ತಡೆದು ನಿಂತದ್ದನ್ನು ದ್ರಾಕ್ಷಾಯಣಿ ಕಂಡರು. ಹುಡುಗಿ ಎಡಗಡೆ ನೋಡುತ್ತಿದ್ದಾಳೆ.

ಇನ್ನೆರಡು ಗಳಿಗೆಯಲ್ಲಿ ಅದು ಅವರ ಕಣ್ಣಿನಂಚಿನಿಂದ ಜಾರಿತು. ಅವರು ಕಾಲು ಸರಿಸಿದರು, ಮುಖ ಸರಿಸಿದರು, ಮತ್ತೆ ಸಿಕ್ಕಿತು. ಹೀಗೆ ಒದ್ದೆ ಹುಲ್ಲಿನ ಮೇಲೆ ನಿಂತಲ್ಲೇ, ಒಂದೊಂದೇ ಹೆಜ್ಜೆಯಾಗಿ, ಆ ಸಣ್ಣ ಬಿಳಿಯ ಚುಕ್ಕೆಯನ್ನು ಕಾಣುವಷ್ಟು ಕಣ್ಣಿನೊಳಗೆ ಹಿಡಿದಿಟ್ಟುಕೊಂಡು, ದ್ರಾಕ್ಷಾಯಣಿ ಅದರೊಂದಿಗೆ ನಿಧಾನವಾಗಿ ಇಡೀ ಸುತ್ತು ತಿರುಗತೊಡಗಿದರು.