ಬೆಲ್ಲದ ಡಾಕ್ಟರು

ಡಾಕ್ಟರ್ ಚಕ್ರಪಾಣಿಯವರು ಮನುಷ್ಯರ ಮುಖವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು. ಎದುರಿಗೆ ಬಂದವರು ಮಂತ್ರಿಯ ಆಪ್ತಸಹಾಯಕರಿರಲಿ, ಹೂವು ಮಾರುವವಳಿರಲಿ, ಅವರ ದೃಷ್ಟಿ ಮೊದಲು ಹೋಗಿ ನೆಲೆಸುತ್ತಿದ್ದುದು ತುಟಿಯ ಮೇಲೆ; ಈ ವ್ಯಕ್ತಿ ಯಾವಾಗ ನಕ್ಕಾನು, ಯಾವಾಗ ಒಸಡು ಕಂಡೀತು ಎಂದು ನೀರಿನಂಚಿನ ಕೊಕ್ಕರೆಯ ಹಾಗೆ ಕಾದಿದ್ದು, ಒಸಡಿನ ಬಣ್ಣ ಮನಸ್ಸಿಗೆ ಇಳಿದ ಮೇಲಷ್ಟೇ ಕಣ್ಣೆತ್ತಿ "ಓಹೋ, ನೀವಾ!" ಎನ್ನುತ್ತಿದ್ದರು. ರಾಜಾಜಿನಗರದ ಬಹುಪಾಲು ಜನ ಇದನ್ನು ಅಹಂಕಾರವೆಂದೇ ತಿಳಿದಿದ್ದರು. ಪತ್ನಿ ಸತ್ಯವತಿಯವರಿಗೆ ಮಾತ್ರ ನಿಜಸ್ಥಿತಿ ಗೊತ್ತಿತ್ತು.

"ಹೆಣ್ಣು ನೋಡೋಕ್ ಬಂದಾಗ ಹಾಡು ಬರುತ್ತಾ ಅಂತ ಕೇಳ್ಲಿಲ್ಲ ಕಣ್ರೀ, 'ಸ್ವಲ್ಪ ನಗಿ' ಅಂದ್ರು. ಎಷ್ಟು ರಸಿಕರು ಅಂದ್ಕೊಂಡೆ. ರಕ್ತ ಕಮ್ಮಿ ಇದೆಯಾ ಅಂತ ನೋಡ್ತಾ ಇದ್ರಂತೆ!"

ನಡಿಗೆಯೂ ಅಷ್ಟೇ ವಿಲಕ್ಷಣ. ಚೈತ್ರದ ಬಿಸಿಲಿನಲ್ಲೂ ಬಿಡದ ಬೂದುಬಣ್ಣದ ಉಣ್ಣೆಯ ಕೋಟು. ಅದರ ಎಡಜೇಬಿನಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟ ಗಾಜಿನ ಪಟ್ಟಿಗಳು, ಬೆರಳ ತುದಿಯ ಒಂದು ಹನಿ ರಕ್ತ ಸವರಿ ಸೂಕ್ಷ್ಮದರ್ಶಕದ ಕೆಳಗೆ ಇಡುವಂಥವು. ಅವು ಒಡೆಯಬಾರದೆಂದು ಎಡಗೈಯನ್ನು ಜೇಬಿನ ಮೇಲೆ ಅವುಚಿ, ದೇಹವನ್ನು ತುಸು ಬಲಕ್ಕೆ ವಾಲಿಸಿ, ತುಂಬಿದ ಕೊಡ ಹೊತ್ತವರಂತೆ ಹೆಜ್ಜೆ ಹಾಕುತ್ತಿದ್ದ ಅವರನ್ನು ನೋಡಿ, ಇವರಿಗೇ ಏನೋ ಎದೆನೋವಿರಬೇಕೆಂದು ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟವರೂ ಉಂಟು. ಡಾಕ್ಟರು ಆ ಜಾಗದಲ್ಲಿ ಗಂಭೀರವಾಗಿ ಕುಳಿತುಕೊಳ್ಳುತ್ತಿದ್ದರು. ಅದು ತಮ್ಮ ಪದವಿಗೆ ಸಂದ ಮರ್ಯಾದೆಯೆಂದು ಅವರ ಭಾವನೆ.

ಕೆಲಸ ಕಾರ್ಮಿಕರ ವಿಮಾ ದವಾಖಾನೆಯಲ್ಲಿ. ಕೈಗಾರಿಕಾ ಬಡಾವಣೆಯ ಕೆಮ್ಮು, ಕಣ್ಣುರಿ, ಕತ್ತರಿಸಿದ ಬೆರಳುಗಳೆಲ್ಲ ಸಾಲುಗಟ್ಟಿ ಬರುತ್ತಿದ್ದ ಜಾಗ ಅದು. ಅಲ್ಲಿಂದ ನಾಲ್ಕು ಫರ್ಲಾಂಗ್ ದೂರದಲ್ಲಿ ಶಂಭುಲಿಂಗಪ್ಪನವರ ಬ್ಯಾಟರಿ ಶೆಡ್ಡು. ಲಾರಿಗಳ ಸತ್ತ ಬ್ಯಾಟರಿಗಳನ್ನು ಒಡೆದು, ಒಳಗಿನ ಸೀಸವನ್ನು ಕೊಪ್ಪರಿಗೆಯಲ್ಲಿ ಕರಗಿಸಿ, ಮತ್ತೆ ಹೊಸ ಪಟ್ಟಿಗಳನ್ನು ಎರಕ ಹೊಯ್ಯುವ ಅಲ್ಲಿ ಮೂವತ್ತೆಂಟು ಜನ ದುಡಿಯುತ್ತಿದ್ದರು. ಮಿಲ್ಲಿನವರು ಹತ್ತಿಯ ಧೂಳಿಗೆ ಬೆಲ್ಲ ತಿನ್ನುತ್ತಾರೆ, ನಮ್ಮವರು ಸೀಸದ ಧೂಳಿಗೆ ಯಾಕೆ ತಿನ್ನಬಾರದು ಎಂದು ಎಪ್ಪತ್ತೆರಡರಲ್ಲಿ ಶಂಭುಲಿಂಗಪ್ಪನವರಿಗೆ ಹೊಳೆದು, ಡಾಕ್ಟರನ್ನು ಕೇಳಿದರು. ಡಾಕ್ಟರು ಯಾವ ಗ್ರಂಥವನ್ನೂ ತೆರೆಯಲಿಲ್ಲ. ಎಲ್ಲರೂ ಹೇಳುವ ಮಾತು, ಹೇಳುವುದರಲ್ಲಿ ನಷ್ಟವೇನು ಎಂದುಕೊಂಡು ಒಪ್ಪಿಗೆ ಬರೆದುಕೊಟ್ಟರು. ವಾರದೊಳಗೆ ಶೆಡ್ಡಿನ ಬಾಗಿಲ ಪಕ್ಕ ನೀಲಿ ಹಲಗೆ ಮೇಲೇರಿತು: "ಕೆಲಸ ಮುಗಿದೊಡನೆ ಒಂದು ಅಚ್ಚು ಬೆಲ್ಲ ಸೇವಿಸತಕ್ಕದ್ದು. ಸೀಸದ ವಿಷ ದೇಹದಿಂದ ಹೊರಹೋಗುತ್ತದೆ. ಡಾ. ಚಕ್ರಪಾಣಿ, ಎಂ.ಬಿ.ಬಿ.ಎಸ್." ಹಲಗೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರಗಳು ಕೊನೆಯ ನಾಲ್ಕು. ಅನಾವರಣದ ದಿನ ಶಾಲು ಹೊದಿಸಿದರು, ಹಾರ ಹಾಕಿದರು, ಫೋಟೋ ತೆಗೆದರು. ಬೆಲ್ಲದ ಡಾಕ್ಟರು ಎಂಬ ಹೆಸರು ನಿಂತಿತು. ಆ ಹೆಸರಿನಿಂದ ಯಾರಾದರೂ ಕರೆದರೆ ಅವರು ತಿರುಗಿ ನೋಡುವ ಮೊದಲು ಕೋಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು.

ಐದು ವರ್ಷ ಕಳೆಯಿತು. ತುರ್ತುಪರಿಸ್ಥಿತಿ ಮುಗಿದು ಎಲ್ಲರಿಗೂ ಮಾತು ಮರಳಿ ಬಂದಿದ್ದ ಎಪ್ಪತ್ತೇಳರಲ್ಲಿ, ನಗರದ ವೈದ್ಯರ ಸಭೆಯೊಂದರಲ್ಲಿ ಪ್ರಬಂಧ ಮಂಡಿಸುವ ಆಸೆ ಡಾಕ್ಟರಿಗೆ ಹುಟ್ಟಿತು. ವಿಷಯ ಸಿದ್ಧವಾಗಿಯೇ ಇತ್ತಲ್ಲ: ಬೆಲ್ಲದ ಮಹಿಮೆ. ಫಲಿತಾಂಶವನ್ನು ಮೊದಲೇ ಬರೆದಿಟ್ಟುಕೊಂಡು, ಅದಕ್ಕೆ ಬೇಕಾದ ಸಂಶೋಧನೆಗೆ ಹೊರಟರು. ಮೂವತ್ತೆಂಟು ಜನರ ಒಸಡು ನೋಡಿದರು. ಬೆರಳು ಚುಚ್ಚಿ ರಕ್ತ ತೆಗೆದರು. ಸೀಸ ಹೊಕ್ಕ ರಕ್ತದ ಕೆಂಪು ಕಣಗಳಲ್ಲಿ ಬಣ್ಣ ಹಾಕಿದಾಗ ನೀಲಿ ಚುಕ್ಕೆಗಳು ಕಾಣುತ್ತವೆ. ಬೆಲ್ಲ ತಿಂದವರಲ್ಲಿ ಅವು ಕಡಿಮೆ, ತಿನ್ನದವರಲ್ಲಿ ಹೆಚ್ಚು ಇರಬೇಕೆಂಬುದು ಲೆಕ್ಕಾಚಾರ.

ತಿನ್ನದವರೆಂದರೆ ಮುಖ್ಯವಾಗಿ ಒಬ್ಬರೇ, ಕೊಪ್ಪರಿಗೆಯ ಮುಂದೆ ಹನ್ನೊಂದು ವರ್ಷ ನಿಂತಿದ್ದ ನಂಜುಂಡಪ್ಪ.

"ಮೈ ತೊಳೀದೆ ಒಂದು ಗುಟುಕು ನೀರೂ ಬಾಯಿಗ್ ಹಾಕಲ್ಲ ಸ್ವಾಮಿ" ಎಂದರು ಅವರು. "ಮನೆಗ್ ಹೋಗಿ, ಸ್ನಾನ ಮಾಡಿ, ಲಿಂಗಪೂಜೆ ಆಗ್ಬೇಕು. ಆಮೇಲೇ ಊಟ. ನಿಮ್ ಬೆಲ್ಲ ನಮ್ಮನೇವ್ರು ಪಾಯಸಕ್ಕೆ ಹಾಕ್ತಾರೆ ಅಂದ್ರೂ ಈ ಕೈಲಿ ತಗೊಂಡ್ ಹೋಗಲ್ಲ."

ಸೂಕ್ಷ್ಮದರ್ಶಕದಲ್ಲಿ ನಂಜುಂಡಪ್ಪನವರ ರಕ್ತ ನಿರ್ಮಲವಾಗಿತ್ತು. ಬೆಲ್ಲದ ಪರಮ ಭಕ್ತ ಮರಿಯಪ್ಪನ ರಕ್ತದಲ್ಲಿ ನೀಲಿ ಚುಕ್ಕೆಗಳು ಸಾಸಿವೆ ಚೆಲ್ಲಿದಂತೆ ತುಂಬಿದ್ದವು.

ಗಾಜಿನ ಪಟ್ಟಿಗಳು ಅದಲುಬದಲಾಗಿವೆ ಎಂದು ಡಾಕ್ಟರು ಇಬ್ಬರಿಂದಲೂ ಮತ್ತೆ ರಕ್ತ ತೆಗೆದರು. ಫಲ ಬದಲಾಗಲಿಲ್ಲ. ಮೂರನೆಯ ಸಲವೂ ಅದೇ. ಮೂಡಲಪಾಳ್ಯದಿಂದ ಸೈಕಲ್ ತುಳಿದು ಬರುತ್ತಿದ್ದ ಈ ಮರಿಯಪ್ಪ ಒಂದು ವರ್ಷದಿಂದ ಹೊಟ್ಟೆನೋವೆಂದು ದವಾಖಾನೆಗೆ ಬರುತ್ತಿದ್ದವನು. ಎಲ್ಲರ ಒಸಡು ಓದುತ್ತಿದ್ದ ಡಾಕ್ಟರು ಅವನದನ್ನು ಓದಲಾಗದೇ ಹೋಗಿದ್ದರು. ಸೀಸ ಒಸಡಿನಂಚಿಗೆ ಎಳೆಯುವ ನೀಲಿಗೆರೆ ಎಲೆಅಡಿಕೆಯ ಕೆಂಪಿನ ಕೆಳಗೆ ಅಡಗಿತ್ತು. ನೋವಿಗೆ ಅವರು ಹೇಳಿದ್ದ ಚಿಕಿತ್ಸೆ, ಒಂದರ ಬದಲು ಎರಡು ಅಚ್ಚು.

ಮರುದಿನ ಕೆಲಸ ಬಿಡುವ ಹೊತ್ತಿಗೆ ಅವರು ಶೆಡ್ಡಿಗೆ ಹೋದರು. ಐದು ವರ್ಷದಲ್ಲಿ ಬೆಲ್ಲ ತಿನ್ನುವುದನ್ನು ಅವರು ನೋಡಿರಲೇ ಇಲ್ಲ. ಹಲಗೆಯನ್ನು ಮಾತ್ರ ನೋಡಿದ್ದರು. ಗಂಟೆ ಹೊಡೆಯಿತು. ಸೀಸದ ಬೂದಿ ಬಳಿದ ಕೈಗಳು ಒಂದೊಂದಾಗಿ ಬುಟ್ಟಿಗೆ ಇಳಿದು ಮೇಲೆದ್ದವು. ಬೆವರಿಗೆ ಮೆತ್ತಗಾದ ಬೆಲ್ಲದ ಅಚ್ಚಿನ ಮೇಲೆ ಐದೂ ಬೆರಳಿನ ಗುರುತು, ದಸ್ತಾವೇಜಿನ ಮೇಲೆ ಹೆಬ್ಬೆಟ್ಟು ಒತ್ತಿದಷ್ಟು ಸ್ಪಷ್ಟವಾಗಿ, ಬೂದುಬಣ್ಣದಲ್ಲಿ ಮೂಡಿತ್ತು. ಆ ಗುರುತಿನ ಸಮೇತ ಬೆಲ್ಲ ಬಾಯಿಗೆ ಹೋಗುತ್ತಿತ್ತು.

ಮರಿಯಪ್ಪ ಒಂದನ್ನು ತಿಂದು, ಇನ್ನೊಂದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ಅದ್ಯಾಕಪ್ಪಾ ಎತ್ತಿಟ್ಕೊಂಡೆ?"

"ಕೋಕಿಲಂಗೆ ಸಾರ್, ನನ್ ಮಗ್ಳು. ರಕ್ತ ಶುದ್ಧಿ ಆಗ್ತದೆ ಅಂತ ನೀವೇ ಅಂದ್ರಲ್ಲ. ದಿನಾ ಬಾಗ್ಲಲ್ಲೇ ಕಾಯ್ತಿರ್ತಾಳೆ."

ಡಾಕ್ಟರು ಆ ಸಂಜೆ ಮರಿಯಪ್ಪನ ಸೈಕಲ್ಲಿನ ಹಿಂದೆ ಕುಳಿತು ಮೂಡಲಪಾಳ್ಯಕ್ಕೆ ಹೋದರು. ಕೋಟು ಧರಿಸಿದ ಆ ಪದವಿ ಸೈಕಲ್ ಕ್ಯಾರಿಯರಿನ ಮೇಲೆ ಕಂಡದ್ದು ಅದೇ ಮೊದಲು, ಮತ್ತು ಅವರು ಜೇಬಿನ ಮೇಲೆ ಕೈ ಇಡುವುದನ್ನು ಮರೆತದ್ದೂ ಅದೇ ಮೊದಲು. ಐದು ವರ್ಷದ ಕೋಕಿಲಾ ಹೊಸ್ತಿಲ ಮೇಲೆ, ಎರಡೂ ಕೈ ಹೊಟ್ಟೆಗೆ ಒತ್ತಿಕೊಂಡು ಕೂತಿದ್ದಳು. ಅಪ್ಪನನ್ನು ಕಂಡು ನಕ್ಕಳು. ಮಕ್ಕಳ ಒಸಡಿನಲ್ಲಿ ಆ ಗೆರೆ ಮೂಡುವುದು ಅಪರೂಪ; ಅವಳದು ಬರಿದೇ ಬಿಳಿಚಿಕೊಂಡಿತ್ತು. ಬೆರಳು ಚುಚ್ಚಿ ತಂದ ಹನಿಯಲ್ಲಿ ನೀಲಿ ಚುಕ್ಕೆಗಳು ಅಪ್ಪನಿಗಿಂತ ಹೆಚ್ಚಿದ್ದವು.

ದೊಡ್ಡಾಸ್ಪತ್ರೆಯಲ್ಲಿ ಅಪ್ಪ ಮಗಳಿಬ್ಬರಿಗೂ ಐದು ವಾರ ಸೀಸ ಇಳಿಸುವ ಚುಚ್ಚುಮದ್ದು ನಡೆಯಿತು. ದಿನವೂ ಹೋಗಿ ಬರುತ್ತಿದ್ದ ಡಾಕ್ಟರು ಮಗುವಿನ ತಾಯಿ ಪಾಪಮ್ಮನಿಗೆ ನಾಲ್ಕನೆಯ ದಿನ ಎಲ್ಲವನ್ನೂ ಹೇಳಿದರು. ಬೇರೆ ಮಾತಿನಲ್ಲಿ ಸುತ್ತಿ ಹೇಳಬಹುದಿತ್ತು, ಆಕೆಗೆ ಗೊತ್ತಾಗುತ್ತಿರಲಿಲ್ಲ. ಪಾಪಮ್ಮ ಕೂಗಾಡಲಿಲ್ಲ. ಮಂಚದ ಕಂಬಿ ಹಿಡಿದು, "ಅವ್ಳು ಬ್ಯಾಡ ಅಂದ್ ದಿನಾನೂ ನಾನೇ ಬಾಯಿಗ್ ತುರುಕ್ದೆ ಕಣಪ್ಪಾ, ಡಾಕ್ಟ್ರು ಹೇಳವ್ರೆ ಅಂತ" ಎಂದಳು.

ಶಂಭುಲಿಂಗಪ್ಪನವರಿಗೆ ಸುದ್ದಿ ತಿಳಿದಾಗ ಅವರ ಚಿಂತೆ ಹಲಗೆಯದು. "ಹೊಸಾದ್ ಒಂದು ಬರೆಸ್ಬಿಡೋಣ ಸ್ವಾಮಿ, 'ಕೈ ತೊಳೆಯಿರಿ' ಅಂತ. ಹಳೇದನ್ನ ಒಲೆಗ್ ಹಾಕೋಣ. ನಿಮ್ ಹೆಸ್ರಿಗೆ ಯಾಕೆ ಮಸಿ?"

"ಹಲಗೆ ಒಲೆಗ್ ಹಾಕ್ಬೋದು ರೀ. ಜನ ಐದು ವರ್ಷ ತಿಂದಿದ್ದನ್ನ ಎಲ್ಲಿಗ್ ಹಾಕ್ತೀರಿ?"

ವೈದ್ಯರ ಸಭೆಯಲ್ಲಿ ಅವರು ಪ್ರಬಂಧ ಓದಿದರು. ಮೊದಲು ಬರೆದಿಟ್ಟಿದ್ದ ಫಲಿತಾಂಶವನ್ನು ಓದಿ, ಇದು ನಾನು ಹೇಳಬಯಸಿದ್ದು ಎಂದರು. ನಂತರ ರಕ್ತ ಹೇಳಿದ್ದನ್ನು ಓದಿ, ಸಲಹೆಯನ್ನು ಕೊಟ್ಟ ವೈದ್ಯನ ಹೆಸರನ್ನು ಪೂರ್ತಿ ಓದಿದರು. ಒಬ್ಬಿಬ್ಬರು ಕೆಮ್ಮಿದರು. ಅಧ್ಯಕ್ಷರು ಕ್ಷೀಣವಾದ ಧ್ವನಿಯಲ್ಲಿ ಧನ್ಯವಾದ ಹೇಳಿ ಕಾಫಿಗೆ ಬಿಡುವು ಕೊಟ್ಟರು.

ಆದರೆ ಶೆಡ್ಡಿನಲ್ಲಿ ಬೆಲ್ಲ ನಿಲ್ಲಿಸುತ್ತೇವೆಂದ ದಿನ ಕಾರ್ಮಿಕರೇ ಕೊಪ್ಪರಿಗೆಯ ಬೆಂಕಿ ಆರಿಸಿ ಹೊರಗೆ ಕುಳಿತರು. "ಐದು ವರ್ಷದಿಂದ ಬರ್ತಿರೋ ಬೆಲ್ಲ ಸಾರ್, ನಮ್ ಹಕ್ಕು ಅದು! ನೀವೇ ಕೊಡ್ಸಿ, ನೀವೇ ಕಿತ್ಕೊಂಡ್ರೆ ಹೆಂಗೆ?" ಡಾಕ್ಟರು ಬೆಲ್ಲದ ಡಾಕ್ಟರೆಂಬ ಹೆಸರಿನ ಭಾರವನ್ನು ಸರಿಯಾಗಿ ಹೊತ್ತದ್ದು ಅಂದು. ಬೆಲ್ಲ ಇರಲಿ, ಜಾಗ ಬದಲಾಗಲಿ ಎಂದರು. ಬುಟ್ಟಿ ಶೆಡ್ಡಿನೊಳಗಿಂದ ಹೊರಗೇಟಿಗೆ ಬಂತು. ನಡುವೆ ನಾಲ್ಕು ನಲ್ಲಿ, ಸಾಬೂನು, ಅಂಗಿ ಬದಲಾಯಿಸಲು ತಗಡಿನ ಮರೆ. ಕೆಲಸದ ಅಂಗಿ ಮನೆಗೆ ಹೋಗುವಂತಿಲ್ಲ. ಗೇಟಿನಲ್ಲಿ ಸ್ವತಃ ಡಾಕ್ಟರು, ಕೈಯಲ್ಲಿ ಒದ್ದೆ ಮಾಡಿದ ಬಿಳಿ ಪಂಚೆಯ ತುಂಡು. ಎರಡೂ ಅಂಗೈಯನ್ನು ಅದರಲ್ಲಿ ಒರೆಸುವುದು. ಬಟ್ಟೆ ಬೆಳ್ಳಗೇ ಉಳಿದರೆ ಬೆಲ್ಲ, ಬೂದಿ ಕಂಡರೆ ಮತ್ತೆ ನಲ್ಲಿಗೆ.

"ಮದುವೆ ಗಂಡಿನ ಕೈಯ್ಯನ್ನೂ ಮಾವ ಇಷ್ಟು ನೋಡಲ್ಲ ಗುರು" ಎಂದು ಸಾಲಿನಲ್ಲಿ ಯಾರೋ ಗೊಣಗುವರು. ಡಾಕ್ಟರು ಕೇಳಿಸಿಕೊಳ್ಳದವರಂತೆ, "ಉಗುರು ತೋರ್ಸಪ್ಪಾ" ಎನ್ನುವರು. ದವಾಖಾನೆ ಮುಚ್ಚಿದ ಮೇಲೆ, ಯಾರೂ ಕೇಳದೆ, ಎರಡು ವರ್ಷ ಪ್ರತಿ ಸಂಜೆ ಅಲ್ಲಿ ನಿಂತರು. ಭಾನುವಾರ ಮೂಡಲಪಾಳ್ಯ. ಕೋಕಿಲಾ ಉಳಿದಿದ್ದಳು, ಓಡಾಡುತ್ತಿದ್ದಳು, ಜೋರಾಗಿ ನಗುತ್ತಿದ್ದಳು. ಆದರೆ ಸೀಸ ಮಕ್ಕಳ ಮಿದುಳನ್ನು ಸುಮ್ಮನೆ ಬಿಡುವುದಿಲ್ಲ; ಮಗ್ಗಿ ಮೂರರಿಂದ ಮುಂದಕ್ಕೆ ಹೋಗಲಿಲ್ಲ. ಮೂರು ಏಳಲ ಎಂಬಲ್ಲಿ ಅವಳು ಪ್ರತಿಬಾರಿಯೂ ನಿಂತು ಡಾಕ್ಟರ ಬಾಯಿ ನೋಡುವಳು. ಅವರು ಹೇಳಿಕೊಡುವರು. ಮುಂದಿನ ಭಾನುವಾರ ಮತ್ತೆ ಅಲ್ಲೇ.

ನೀಲಿ ಹಲಗೆಯನ್ನು ತೆಗೆಯಲು ಅವರು ಬಿಡಲಿಲ್ಲ. ಅದು ಗೇಟಿಗೆ ಬಂತು. ಅಕ್ಷರ ಬರೆಯುವವನನ್ನು ಕರೆಸದೆ, ತಾವೇ ಕುಂಚ ಹಿಡಿದು, ಎಂ.ಬಿ.ಬಿ.ಎಸ್. ಎಂಬುದರ ಕೆಳಗೆ ವಕ್ರವಾದ ಬಿಳಿ ಅಕ್ಷರಗಳಲ್ಲಿ ಬರೆದರು: "ಇದು ತಪ್ಪು. ಮೊದಲು ಕೈ ತೊಳೆಯಿರಿ. ಚಕ್ರಪಾಣಿ."

ಪಂಡಿತರಿಂದ ತಪ್ಪಾಗುವುದು ಅಪರೂಪವೇನಲ್ಲ. ತಪ್ಪಾದದ್ದು ಗೊತ್ತಾಗುವುದೂ ಅಷ್ಟೇನೂ ಅಪರೂಪವಲ್ಲ. ಗೊತ್ತಾದ ಮೇಲೆ ಹೆಚ್ಚಿನವರು ಹೊಸ ಹಲಗೆ ಬರೆಸುತ್ತಾರೆ, ಹಳೆಯದರ ಮೊಳೆಯ ತೂತಿಗೂ ಸುಣ್ಣ ಹಚ್ಚಿಸುತ್ತಾರೆ, ಮತ್ತು ಅಂಥವರ ಹೆಸರಿನಲ್ಲಿಯೇ ಊರು ವೃತ್ತಗಳನ್ನು ಕಟ್ಟಿಸುತ್ತದೆ. ತನ್ನ ತಪ್ಪನ್ನು ಅಳಿಸದೆ, ಅದರ ಕೆಳಗೆ ಎಲ್ಲರಿಗೂ ಕಾಣುವಷ್ಟು ಎತ್ತರದಲ್ಲಿ ಸಹಿ ಹಾಕಿ, ಸಂಜೆಯ ಹೊತ್ತು ಒದ್ದೆ ಬಟ್ಟೆ ಹಿಡಿದು ಅದರ ಪಕ್ಕದಲ್ಲೇ ನಿಲ್ಲುವ ಮಂದಿ ಸ್ವಲ್ಪ ತಮಾಷೆಯಾಗಿ ಕಾಣುತ್ತಾರೆ. ಕೋಟು ಹಾಕಿಕೊಂಡಿದ್ದರಂತೂ ಇನ್ನಷ್ಟು. ನಾವು ಇಂದು ನಿಶ್ಚಿಂತೆಯಿಂದ ಬಾಯಿಗೆ ಹಾಕಿಕೊಳ್ಳುವ ಎಷ್ಟೋ ಔಷಧಿಗಳ ಹಿಂದೆ ಹಾಗೆ ನಿಂತವರೊಬ್ಬರು ಇದ್ದೇ ಇರುತ್ತಾರೆ. ಮತ್ತು ಅಂಥವರೆಲ್ಲರಿಗೂ ಎಲ್ಲೋ ಒಂದು ಮೂಡಲಪಾಳ್ಯದಲ್ಲಿ, ಮೂರು ಏಳಲಕ್ಕೆ ಬಂದು ನಿಂತು ಅವರ ಬಾಯಿಯನ್ನೇ ನೋಡುತ್ತಿರುವ ಒಂದು ಮಗು ಇರುತ್ತದೆ.