ಕಿರುಬೆರಳಿನ ಕಾವಲು

"ಏಯ್ ಬೆಟ್ಟದ್ ಮುಂಡೆ! ಹೇನು ಹೆಕ್ದಂಗೆ ಕೇಬಲ್ಲನ್ನ ಮಾರು ಮಾರು ಸವರ್ತಾ ಕೂತಿದೀಯಲ್ಲ, ನಿಮ್ಮಪ್ಪನ ಮದುವೆಗೆ ಮುಹೂರ್ತ ನೋಡ್ತಿದೀಯಾ? ನಾಳೆ ಮಧ್ಯಾಹ್ನ ಕಡಲ ಭರತ ಏರೋ ಹೊತ್ಗೆ ದೋಣಿ ನೀರಿಗೆ ಇಳೀಬೇಕು!"

ಮೇಸ್ತ್ರಿ ಟಾಫುರ್ ಏಣಿಯ ಬುಡದಲ್ಲಿ ನಿಂತು ಕಿರುಚಿದ. ಫೌಸ್ತಿನಾ ತಲೆಯೆತ್ತಲಿಲ್ಲ. ಚಿಂಬೋಟೆಯ ಕೊಲ್ಲಿಯಂಚಿನಲ್ಲಿ, ಮೀನುಹಿಟ್ಟಿನ ಕಾರ್ಖಾನೆಗಳ ನಾತ ಬಟ್ಟೆಗೂ ಅನ್ನಕ್ಕೂ ಅಂಟುವ ಆ ದಡದಲ್ಲಿ, ದೋನ್ ಅಬೆಲಾರ್ದೊ ಎಂಬ ಧಣಿಯ ಕಬ್ಬಿಣದ ದೋಣಿಗಳಿಗೆ ಹತ್ತೊಂಬತ್ತು ವರ್ಷ ಬೆಸುಗೆ ಹಾಕಿದ ಹೆಂಗಸು ಅವಳು. ಬಯ್ಗುಳವೂ ಬೆಂಕಿಯ ಕಿಡಿಯೂ ಅವಳ ಮಟ್ಟಿಗೆ ಒಂದೇ. ತೊಗಲಿನ ಅಂಗಿಯ ಮೇಲೆ ಬಿದ್ದು ಆರಿಹೋಗುತ್ತಿದ್ದವು.

ವೆಲ್ಡಿಂಗ್ ಯಂತ್ರವನ್ನು ಹೂಡುವ ಕ್ರಮವನ್ನು ಅವಳು ಐದು ಬೆರಳಿಗೆ ಕಟ್ಟಿಕೊಂಡಿದ್ದಳು. ಯಂತ್ರದ ಮೈಯಿಂದ ಮಣ್ಣಿಗಿಳಿಯುವ ಅರ್ತ್ ತಂತಿಯನ್ನು ಜಗ್ಗಿ ನೋಡಿ ಹೆಬ್ಬೆರಳು ಮಡಚಿದಳು. ದೋಣಿಯ ಮೂತಿಯ ಬಳಿ ಅಂಗೈಯಗಲ ಜಾಗವನ್ನು ಕಬ್ಬಿಣ ಹೊಳೆಯುವ ತನಕ ಕೆರೆದು, ಅರ್ತಿನ ಇಕ್ಕಳವನ್ನು ಅಲ್ಲೇ, ಕೆಲಸದ ಮಗ್ಗುಲಲ್ಲೇ ಕಚ್ಚಿಸಿದಳು. ಕೇಬಲ್ಲಿನ ರಬ್ಬರು ಎಲ್ಲೂ ಸೀಳಿಲ್ಲ, ವೆಲ್ಡಿಂಗ್ ಕಡ್ಡಿ ಕಚ್ಚುವ ಹೋಲ್ಡರ್ ಒಡೆದಿಲ್ಲ. ಕಾಲಡಿಗೆ ಒಣ ಹಲಗೆ, ಕೈಗೆ ಒಣ ಗವಸು. ಹಲಗೆಯ ಸುತ್ತ ಬಣ್ಣದ ಡಬ್ಬ, ಎಣ್ಣೆಬಟ್ಟೆ ಇದ್ದುದನ್ನು ಕಾಲಿನಿಂದಲೇ ದೂರ ತಳ್ಳಿದಳು. ನಾಲ್ಕು ಬೆರಳು ಮಡಚಿಯಾಗಿತ್ತು. ಕಿರುಬೆರಳು ಮಾತ್ರ ಗಾಳಿಯಲ್ಲಿ ನಿಂತಿತ್ತು.

"ಸ್ವಿಚ್ ಹತ್ರ ಒಬ್ರು ಬೇಕು, ಏನಾರ ಆದ್ರೆ ಇಳ್ಸೋಕೆ," ಎಂದಳು.

"ನಿನ್ನ ಮೆರವಣಿಗೆಗೆ ಆಳೆಲ್ಲಿಂದ ತರ್ಲೇ? ಎಲ್ರೂ ನಾಳೆ ದೋಣಿ ಹರಸೋಕೆ ಪಾದ್ರಿಗಳು ನಿಲ್ಲೋ ಕಟ್ಟೆಗೆ ಸುಣ್ಣ ಬಳೀತವ್ರೆ."

"ಆಳು ಬರೋಗಂಟ ಕಡ್ಡಿ ಮುಟ್ಟಕಿಲ್ಲ."

ಟಾಫುರ್ ಉಗಿದ. ಒಂಬತ್ತು ದಿನದ ಹಿಂದೆಯಾಗಿದ್ದರೆ ಕೈಯೆತ್ತುತ್ತಿದ್ದ. ಈಗ ಸುಮ್ಮನೆ ಬಣ್ಣ ಬಳಿಯುವ ಮುದುಕ ಎಲಿಯಾಸನನ್ನು ಕರೆದು ಸ್ವಿಚ್ಚಿನ ಗೂಡಿನ ಬಳಿ ನಿಲ್ಲಿಸಿ ಹೋದ.

ಒಂಬತ್ತು ದಿನದ ಹಿಂದೆ ಆ ಗೂಡಿನ ಬಳಿ ನಿಂತಿದ್ದವಳು ಫೌಸ್ತಿನಾ. ದೋಣಿಯ ಹೊಟ್ಟೆಯಲ್ಲಿ ಸೋರಿಕೆ ನೋಡಲು ತುಂಬಿದ್ದ ನೀರು ಪೂರ್ತಿ ಬಸಿದಿರಲಿಲ್ಲ, ಮೊಣಕಾಲುದ್ದ ನಿಂತಿತ್ತು. ಒಂದು ಸೀಳು ಬೆಸೆಯಲು ಟೋರಿಬಿಯೊ ಯಾನಾಕ್ ಒಳಗಿಳಿದಿದ್ದ. ಅವಳೇ ಬೆರಳು ಮಡಚಿಸಿ ಕೆಲಸ ಕಲಿಸಿದವನು, ಅವಳ ಬೆಟ್ಟದ ಕಡೆಯವನು, ಎರಡು ಮಕ್ಕಳ ತಂದೆ. ಗವಸಿನ ಹೆಬ್ಬೆರಳು ಹರಿದಿತ್ತು. "ನೀರು ಬಸಿಯೋಗಂಟ ಇಳೀಬ್ಯಾಡ್ವೋ" ಎಂದು ಅವಳೂ, "ಇಳೀದಿದ್ರೆ ಬೆಟ್ಟ ಹತ್ತು" ಎಂದು ಟಾಫುರನೂ ಹೇಳಿದ್ದರು. ಟೋರಿಬಿಯೊ ನಗುತ್ತ ಮುಖಗವಸು ಇಳಿಸಿ, "ಕಿರುಬೆರಳು ನೀನೇ ಅಲ್ವಾ ಅಕ್ಕ, ನೀನ್ ನಿಂತಿದ್ರೆ ನಂಗೇನಾಯ್ತದೆ?" ಎಂದು ದೋಣಿಯ ಹೊಟ್ಟೆಗಿಳಿಯುವ ತೂತಿನೊಳಗೆ ಮಾಯವಾಗಿದ್ದ.

ಆಗ ಟಾಫುರ್ ಮತ್ತೆ ಬಂದ. ಪಾದ್ರಿಗಳ ಕಟ್ಟೆಯ ಮೆಟ್ಟಿಲಿನ ಹಿಡಿಗಂಬಿ ಅಲುಗುತ್ತಿದೆ, ಎರಡು ಚುಕ್ಕೆ ಬೆಸುಗೆ ಸಾಕು, ಬಾ ಎಂದ. ಸ್ವಿಚ್ ಇಳಿಸಿಬಿಟ್ಟು ಬರುತ್ತೇನೆ ಎಂದು ಅವಳು ಕೈ ಎತ್ತಿದಾಗ, "ಅವ್ನ ಕೆಲ್ಸ ನಿಲ್ಸಿದ್ರೆ ನಿನ್ನ ಕೆಲ್ಸಾನೂ ನಿಂತೋಯ್ತದೆ" ಎಂದ. ಅವಳ ಕೈ ಇಳಿಯಿತು, ಸ್ವಿಚ್ಚು ಇಳಿಯಲಿಲ್ಲ. ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ತೂತಿನಿಂದ ಬೆಳಕು ಬರುತ್ತಿರಲಿಲ್ಲ. ಯಂತ್ರ ಮಾತ್ರ ಗುಂಯ್‌ಗುಡುತ್ತಿತ್ತು.

ಮರುದಿನ ಅವಳನ್ನು ಆಫೀಸಿಗೆ ಕರೆಸಿದರು. ದೋನ್ ಅಬೆಲಾರ್ದೊ ಕೂಗಾಡುವವನಲ್ಲ. ಲಿಂಬೆಯ ಚಹಾ ಕುಡಿಯುತ್ತ ಹಾಜರಿ ಪುಸ್ತಕವನ್ನು ತಾನೇ ಅವಳ ಕಡೆ ತಿರುಗಿಸಿದ.

"ನೋಡಮ್ಮ, ಟೋರಿಬಿಯೊ ಅನ್ನೋ ಹೆಸರು ಎಲ್ಲಾದ್ರೂ ಇದ್ಯಾ? ಇಲ್ಲ. ಯಾವನೋ ತಾಮ್ರ ಕದಿಯೋಕೆ ನುಗ್ಗಿದಾನೆ, ಸತ್ತಿದಾನೆ. ಪಾಪ."

"ಧಣಿ, ಹೋದ್ ತಿಂಗ್ಳು ಅವ್ನಿಗೆ ಗವಸು ಕೊಡ್ಸಿ ಅಂತ ಇಲ್ಲೇ ನಿಂತು ಕೇಳಿದ್ನಲ್ಲ..."

"ಯಾರಿಗೆ?"

"ಟೋರಿಬಿಯೊಗೆ."

"ಇಲ್ಲದೇ ಇರೋನಿಗೆ ಗವಸು ಯಾಕಮ್ಮ?"

ಹಾಜರಿ ಪುಸ್ತಕದಲ್ಲಿ ಬೆಟ್ಟದಿಂದಿಳಿದ ಯಾವ ಕೂಲಿಯ ಹೆಸರೂ ಮೊದಲ ವರ್ಷ ಏರುತ್ತಿರಲಿಲ್ಲ. ಅದು ಅಂಗಳದ ಎಲ್ಲರಿಗೂ ಗೊತ್ತಿದ್ದ ಸಂಗತಿ. ಮೇಜಿನ ಮೇಲೊಂದು ಕಾಗದವಿತ್ತು: ಮೃತನು ಇಲ್ಲಿಯ ಕೆಲಸಗಾರನಲ್ಲ, ತಾನು ಅವನನ್ನು ಅರಿಯೆ. ಫೌಸ್ತಿನಾ ಅದನ್ನು ಎರಡು ಸಲ ಓದಿದಳು. ಬೆನ್ನ ಹಿಂದೆ ಟಾಫುರ್ ಬಗ್ಗಿ, ಅವಳ ಕಿವಿಯಲ್ಲಿ, ಒಡಹುಟ್ಟಿದವನ ಹಾಗೆ ಹೇಳಿದ:

"ಯೋಚ್ನೆ ಮಾಡು. ಅವ್ನು ಆಳು ಅಂತಾದ್ರೆ, ಸ್ವಿಚ್ ಹತ್ರ ಇರ್ಬೇಕಾಗಿದ್ದೋಳು ಯಾರು? ನೀನು. ಜೈಲಿಗೋಗೋಳು ಯಾರು? ನೀನೇ. ಆಳೇ ಇರ್ಲಿಲ್ಲ ಅಂದ್ರೆ ನೀನೂ ಬಚಾವು, ನಾವೂ ಬಚಾವು."

ಫೌಸ್ತಿನಾ ಸಹಿ ಹಾಕಿದಳು.

ಕಳ್ಳನ ಸಾವೆಂದು ಪಾದ್ರಿಗಳು ಗಂಟೆ ಹೊಡೆಸಲಿಲ್ಲ. ಹಲಗೆಯ ಪೆಟ್ಟಿಗೆಯನ್ನು ಉಸುಕಿನ ದಿಬ್ಬದಲ್ಲಿ ಹೂತರು. ಅಂದಿನಿಂದ ಅವನ ಹೆಂಡತಿ ಬೆನಿತಾ ಅಂಗಳದ ಗೇಟಿನ ಹೊರಗೆ ಕೂತೇ ಇದ್ದಳು. ಸಂಜೆ ಕೆಲಸ ಬಿಡುವಾಗ ವೆಲ್ಡಿಂಗ್ ಬೆಳಕಿಗೆ ಕಣ್ಣು ಕೆಂಪಾದವರನ್ನು ಕಂಡರೆ, ಗಂಡನಿಗೆ ಮಾಡುತ್ತಿದ್ದ ಹಾಗೆಯೇ ಹಸಿ ಆಲೂಗಡ್ಡೆಯನ್ನು ಬಿಲ್ಲೆ ಕೊಯ್ದು ಕೊಡುತ್ತಿದ್ದಳು. ಕಣ್ಣ ಮೇಲಿಟ್ಟುಕೊಂಡರೆ ಉರಿ ಇಳಿಯುತ್ತದೆ. ಒಂದು ಸಂಜೆ ಫೌಸ್ತಿನಾಳ ಕೈಗೂ ಎರಡು ಬಿಲ್ಲೆ ಇಟ್ಟಳು.

"ಅಕ್ಕಾ, ದುಡ್ಡು ಬ್ಯಾಡ, ಕಾಸು ಬ್ಯಾಡ. ಅವ್ನು ಇಲ್ಲಿ ದುಡಿದ, ಕದೀಲಿಲ್ಲ ಅಂತ ಒಂದ್ ಬಾಯಿ ಅವ್ನ ಹೆಸ್ರು ಹೇಳ್ಲಿ. ಕಳ್ಳನ ಹೆಂಡ್ರು ಅನ್ನಿಸ್ಕಂಡು ಮಕ್ಕಳನ್ನ ಕಟ್ಕಂಡು ಊರಿಗೆ ಹ್ಯಾಗ್ ಹತ್ಲಿ?"

ಫೌಸ್ತಿನಾ ಬಿಲ್ಲೆಗಳನ್ನು ಕಣ್ಣಿಗೆ ಒತ್ತಿಕೊಂಡೇ ಮನೆಯ ತನಕ ನಡೆದಳು. ಅವಳು ಅಂದು ಬೆಸುಗೆ ಹಾಕಿರಲಿಲ್ಲ.

ಈಗ, ಎಲಿಯಾಸ್ ಗೂಡಿನ ಬಳಿ ನಿಂತ ಮೇಲೆ, ಮಾಡಬೇಕಿದ್ದುದು ಹೆಸರಿನ ಕೆಲಸ. ಕೊಲ್ಲಿಯ ದೋಣಿಗಳ ಹೆಸರನ್ನು ಬರಿಯ ಬಣ್ಣದಲ್ಲಿ ಬರೆಯುವುದಿಲ್ಲ. ಉಪ್ಪುನೀರು ಒಂದೇ ವರ್ಷಕ್ಕೆ ನೆಕ್ಕಿಬಿಡುತ್ತದೆ. ಮೂತಿಯ ತಗಡಿನ ಮೇಲೆ ಅಕ್ಷರದ ಅಂಚನ್ನು ಬೆಸುಗೆಯಿಂದ ಉಬ್ಬಿಸಿ ಬರೆದು, ನಡುವೆ ಬಿಳಿ ತುಂಬುತ್ತಾರೆ. ಬಣ್ಣ ಸುಲಿದರೂ ಅಕ್ಷರ ಸುಲಿಯದು. ನಾಮಕರಣಕ್ಕೆ ಮೊದಲು ಹೆಸರನ್ನು ಕಂಡವರನ್ನು ದೋಣಿ ನುಂಗುತ್ತದೆಂಬ ನಂಬಿಕೆಯೂ ಆ ದಡದಲ್ಲಿತ್ತು. ಆದ್ದರಿಂದ ಮೂತಿಗೆ ಟಾರ್ಪಾಲು ಇಳಿಬಿಟ್ಟಿದ್ದರು. ಗಾಳಿಗೂ ಅದೇ ಮರೆ, ಕಣ್ಣಿಗೂ ಅದೇ ಮರೆ.

ಟಾರ್ಪಾಲಿನೊಳಗೆ ಟಾಫುರ್ ಸೀಮೆಸುಣ್ಣದಲ್ಲಿ ಧಣಿಯ ತಾಯಿಯ ಹೆಸರನ್ನು ರೋಮನ್ ಅಕ್ಷರಗಳಲ್ಲಿ ಗೀಚಿಟ್ಟಿದ್ದ: ದೋನ್ಯಾ ಲೆಯೊನೋರ್. ಫೌಸ್ತಿನಾ ಅದನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತೋಳಿನಿಂದ ಒರೆಸಿಹಾಕಿದಳು.

"ಕೊಡು ಕರೆಂಟು, ಎಲಿಯಾಸಣ್ಣ."

ಸ್ವಿಚ್ ಏರಿತು. ಕಡ್ಡಿಯ ದಪ್ಪಕ್ಕೆ ತಕ್ಕಷ್ಟು ಕರೆಂಟಿಗೆ ಗಾಲಿ ತಿರುಗಿಸಿ, ಮುಖಗವಸು ಇಳಿಸಿ, ಬೆಂಕಿಕಡ್ಡಿ ಗೀರುವಂತೆ ಕಡ್ಡಿಯನ್ನು ಕಬ್ಬಿಣಕ್ಕೆ ಗೀರಿದಳು. ಟಾರ್ಪಾಲಿನ ಸಂದಿಯಿಂದ ನೀಲಿಬಿಳಿ ಬೆಳಕು ಅಂಗಳಕ್ಕೆಲ್ಲ ಹರಿಯಿತು. ಟಾಫುರ್ ಎರಡು ಸಲ ಆ ದಾರಿಯಲ್ಲಿ ಬಂದ. ಎರಡು ಸಲವೂ ಮುಖ ತಿರುಗಿಸಿಕೊಂಡೇ ಹೋದ. ಬರಿಗಣ್ಣಿನಲ್ಲಿ ಆ ಬೆಳಕನ್ನು ನೋಡುವ ಎದೆ ಯಾರಿಗೂ ಇರಲಿಲ್ಲ. ಅವಳು ಅಕ್ಷರ ಅಕ್ಷರಕ್ಕೂ ನಿಂತು, ಸುತ್ತಿಗೆಯಿಂದ ಕಿಟ್ಟ ಕೆಡವಿ, ಬ್ರಷ್ಷಿನಿಂದ ಉಜ್ಜಿ, ಮತ್ತೊಂದು ಎಳೆ ಬೆಸುಗೆಯನ್ನು ಅದರ ಮೇಲೆಯೇ ಎಳೆದಳು. ಒಂದು ಎಳೆ ಸಾಕಾಗುವಲ್ಲಿ ಮೂರು ಎಳೆ.

ಮುಗಿದ ಮೇಲೆ ಎಲಿಯಾಸ್ ಸ್ವಿಚ್ ಇಳಿಸಿ, ಬಿಳಿಯ ಡಬ್ಬ ಹಿಡಿದು ಒಳಗೆ ಬಂದ. ಮುದುಕನಿಗೆ ಓದು ಬಾರದು. ಮೂವತ್ತು ದೋಣಿಗಳ ಹೆಸರು ತುಂಬಿದ್ದ, ಒಂದನ್ನೂ ಓದಿರಲಿಲ್ಲ. ಕಬ್ಬಿಣ ಆರಿದ್ದನ್ನು ಮುಟ್ಟಿ ನೋಡಿ, ಮೊದಲ ಅಕ್ಷರದ ಮೇಲೆ ಬೆರಳಾಡಿಸಿದ.

"ಲೆಯೊನೋರಮ್ಮನ ಹೆಸ್ರು ಬೆಳಿಗ್ಗೆ ಮೇಸ್ತ್ರಿ ಗೀಚಿದ್ನಲ್ಲ, ಅದ್ರಾಗೆ ಮೊದ್ಲನೇದು ಹೊಟ್ಟೆ ಉಬ್ಬಿದ ಅಕ್ಷರ. ಇದು ಶಿಲುಬೆ ನಿಂತಂಗದೆ."

ಫೌಸ್ತಿನಾ ಗವಸು ಕಳಚುತ್ತಿದ್ದಳು.

"ಆ ಹುಡುಗಂದಾ?"

"ಹೂಂ."

ಎಲಿಯಾಸ್ ಗೇಟಿನ ಕಡೆ ನೋಡಿದ. ಕೆನ್ನೆಯೊಳಗಿನ ಕೋಕಾ ಎಲೆಯ ಉಂಡೆಯನ್ನು ಈ ಕಡೆಯಿಂದ ಆ ಕಡೆಗೆ ಹೊರಳಿಸಿದ. ಆಮೇಲೆ ಬ್ರಷ್ಷನ್ನು ಡಬ್ಬಕ್ಕೆ ಅದ್ದುತ್ತ ಕೇಳಿದ:

"ದಪ್ಪಕ್ ಬಳೀಲಾ?"

"ದಪ್ಪಕ್ಕೇ ಬಳಿಯಣ್ಣ."

ಮರುದಿನ, ಭಾನುವಾರ ಮಧ್ಯಾಹ್ನ ನೀರು ಏರತೊಡಗಿತು. ಸುಣ್ಣ ಬಳಿದ ಕಟ್ಟೆಯ ಮೇಲೆ ಪಾದ್ರಿ, ಧಣಿ, ಧಣಿಯ ತಾಯಿ. ಕೆಳಗೆ ಉಸುಕಿನಲ್ಲಿ ಎಪ್ಪತ್ತು ಆಳುಗಳು, ಕೈಯಲ್ಲಿ ಟೋಪಿ. ಗೇಟಿನ ಸರಳಿನಾಚೆ ಬೆನಿತಾ. ಫೌಸ್ತಿನಾ ಬೆಸೆದ ಹಿಡಿಗಂಬಿಯನ್ನು ಹಿಡಿದು ಪಾದ್ರಿ ಕಟ್ಟೆಯಂಚಿಗೆ ಬಂದರು. ಹಿಡಿಗಂಬಿ ಅಲುಗಲಿಲ್ಲ.

ಲೆಯೊನೋರಮ್ಮ ಹಗ್ಗ ಎಳೆದಳು. ಟಾರ್ಪಾಲು ಕಳಚಿ ಬಿತ್ತು. ಹೆಸರು ಓದಿ ನೀರು ಚಿಮುಕಿಸುವುದು ಪದ್ಧತಿ. ಮುಪ್ಪಿನ ಪಾದ್ರಿ ಕನ್ನಡಕವನ್ನು ಹಣೆಗೆ ಸರಿಸಿ, ಕಣ್ಣು ಕಿರಿದಾಗಿಸಿ, ಕಬ್ಬಿಣದ ಮೇಲಿದ್ದುದನ್ನು ಇದ್ದಂತೆಯೇ ಮೈಕಿನಲ್ಲಿ ಓದಿದರು:

"ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಈ ನೌಕೆಗೆ... ಟೋರಿಬಿಯೊ... ಯಾನಾಕ್... ಎಂದು..."

ಧ್ವನಿವರ್ಧಕ ಆ ಹೆಸರನ್ನು ಕೊಲ್ಲಿಯ ಆಚೆ ದಡದ ತನಕ ಒಯ್ದಿತು. ಪವಿತ್ರ ಜಲ ಆಗಲೇ ಅಕ್ಷರಗಳ ಮೇಲೆ ಬಿದ್ದಿತ್ತು. ಸತ್ತವನ ಹೆಸರು ಕರೆದರೆ ಬದುಕಿದ್ದವರು ಓಗೊಡಬೇಕೆಂಬುದು ಆ ನಾಡಿನ ಕೂಲಿಗಳ ಹಳೆಯ ವಾಡಿಕೆ. ಮೊದಲು ಎಲಿಯಾಸನ ಸೀಳುದನಿ ಎದ್ದಿತು:

"ಹಾಜರ್!"

ಮತ್ತೆ ಎಪ್ಪತ್ತು ಕೊರಳು: "ಹಾಜರ್!"

ಗೇಟಿನ ಸರಳು ಹಿಡಿದಿದ್ದ ಬೆನಿತಾ ಅಲ್ಲೇ ಕುಸಿದು ಕೂತಳು.

"ಯಾವ ಬೇವರ್ಸಿ ನನ್ ಮಗಂದು ಈ ಕೆಲ್ಸ?" ದೋನ್ ಅಬೆಲಾರ್ದೊ ಜೀವಮಾನದಲ್ಲಿ ಮೊದಲ ಸಲ ಕೂಗಿದ. "ಗ್ರೈಂಡರ್ ತಗೊಳ್ರೋ! ಉಜ್ಜಿ ಹಾಕ್ರೋ ಅದನ್ನ! ನೀರು ಇಳಿಯೋದ್ರೊಳಗೆ ಉಜ್ಜಿ!"

ಒಬ್ಬನೂ ಕದಲಲಿಲ್ಲ. ಟಾಫುರ್ ತಾನೇ ಗ್ರೈಂಡರ್ ಎತ್ತಿಕೊಂಡು ಏಣಿ ಹತ್ತಿದ. ಮೂರು ಎಳೆ ದಪ್ಪದ ಬೆಸುಗೆಗೆ ಚಕ್ರವನ್ನು ಒತ್ತಿ ಗುಂಡಿ ಅದುಮಿದ. ಚಕ್ರ ತಿರುಗಲಿಲ್ಲ. ಮತ್ತೆ ಅದುಮಿದ. ಹಸಿ ಬಿಳಿ ಬಣ್ಣ ಅವನ ಅಂಗೈಗೆ ಮೆತ್ತಿತು. ಕಟ್ಟೆಯ ಮೇಲೆ ಧಣಿ ಮೈಕಿನಲ್ಲಿ ಏನೋ ಬಯ್ಯುತ್ತಿದ್ದ. ಅವನ ತುಟಿ ಆಡುತ್ತಿತ್ತು, ದನಿ ಎಲ್ಲಿಗೂ ಮುಟ್ಟುತ್ತಿರಲಿಲ್ಲ.

ಎಲ್ಲರೂ ಸ್ವಿಚ್ಚಿನ ಗೂಡಿನ ಕಡೆ ತಿರುಗಿದರು. ಕಾಲಡಿಗೆ ಒಣ ಹಲಗೆ ಹಾಕಿಕೊಂಡು, ಒಣ ಗವಸು ತೊಟ್ಟು, ಅಂಗಳಕ್ಕೆಲ್ಲ ಕರೆಂಟು ಕೊಡುವ ಸ್ವಿಚ್ಚನ್ನು ಇಳಿಸಿ, ಅದರ ಹಿಡಿಯ ಮೇಲೆ ಕೈಯಿಟ್ಟು ಫೌಸ್ತಿನಾ ನಿಂತಿದ್ದಳು. ಟಾಫುರ್ ಏಣಿಯಿಂದ ಧುಮುಕಿ, ಉಸುಕಿನಲ್ಲಿ ಬಿದ್ದಿದ್ದ ಕಬ್ಬಿಣದ ಸರಳೊಂದನ್ನು ಹೆಕ್ಕಿಕೊಂಡು ಅವಳತ್ತ ನಡೆದ. ಅವಳು ಹಿಡಿಯಿಂದ ಕೈ ತೆಗೆಯಲಿಲ್ಲ.

"ಸ್ವಿಚ್ ಹತ್ರ ಒಬ್ರು ನಿಂತಿರ್ಬೇಕು, ಧಣಿ," ಎಂದು ಕಟ್ಟೆಗೆ ಕೇಳುವಂತೆ ಹೇಳಿದಳು. "ಅವತ್ತು ನಾನು ನಿಂತಿರ್ಲಿಲ್ಲ. ಇವತ್ತು ನಿಂತಿದೀನಿ."